ಹಡಗಿನ ಸುದ್ದಿ ಜೊತೆ ನೀರಿನ ಸುದ್ದಿಯೂ ಬರಲಿ

ಸಂಪಾದಕರಿಗೆ ನಮಸ್ಕಾರ,

ನೌಕಾಪಡೆಗೆ ಹೊಸ ಹಡಗು ಸೇರಿದಾಗಲೆಲ್ಲ ನಮ್ಮ ಪತ್ರಿಕೆಗಳಲ್ಲಿ ದೊಡ್ಡ ಫೋಟೊ ಬರುತ್ತದೆ. ಖುಷಿಯೇ. 2025ರ ಜೂನ್‌ನಲ್ಲಿ ವಿಶಾಖಪಟ್ಟಣದಲ್ಲಿ ಐಎನ್‌ಎಸ್ ಅರ್ನಾಲಾ ಸೇವೆಗೆ ಸೇರಿದಾಗಲೂ ಹಾಗೇ ಆಯ್ತು. ದಡಕ್ಕೆ ಹತ್ತಿರದ, ಆಳ ಕಡಿಮೆ ಇರುವ ನೀರಲ್ಲಿ ಜಲಾಂತರ್ಗಾಮಿ ಹುಡುಕಲೆಂದೇ ಕಟ್ಟಿಸುತ್ತಿರುವ 16 ಹಡಗುಗಳಲ್ಲಿ ಅದು ಮೊದಲನೆಯದು. ಇಂಥ ಸುದ್ದಿಯಲ್ಲಿ ಉದ್ದ ಎಷ್ಟು, ವೇಗ ಎಷ್ಟು, ಎಷ್ಟು ಕೋಟಿ, ಏನೇನು ಶಸ್ತ್ರ ಎಲ್ಲ ಇರುತ್ತದೆ. ಆ ಹಡಗು ಎಂಥ ನೀರಲ್ಲಿ ಹುಡುಕಬೇಕು ಅನ್ನೋದರ ಬಗ್ಗೆ ಮಾತ್ರ ಒಂದು ಸಾಲೂ ಇರುವುದಿಲ್ಲ. ಜಲಾಂತರ್ಗಾಮಿ ಸಿಗೋದೂ ಬಿಡೋದೂ ಬಹುಪಾಲು ಆ ನೀರಿನ ಮೇಲೇ ನಿಂತಿದೆ. ಹಾಗಾಗಿ ಈ ಪತ್ರ.

ನೀರಿನೊಳಗೆ ರೇಡಾರ್ ನಡೆಯೋದಿಲ್ಲ. ಬೆಳಕೂ ಹೆಚ್ಚು ದೂರ ಹೋಗೋದಿಲ್ಲ. ಉಳಿದಿದ್ದು ಶಬ್ದ. ಸಮುದ್ರದಲ್ಲಿ ಶಬ್ದ ಸೆಕೆಂಡಿಗೆ ಸುಮಾರು 1,500 ಮೀಟರ್ ಓಡುತ್ತದೆ, ಗಾಳಿಗಿಂತ ನಾಲ್ಕು ಪಟ್ಟು ಜಾಸ್ತಿ. ತೊಂದರೆ ಏನಂದರೆ ಅದು ನೆಟ್ಟಗೆ ಓಡೋದಿಲ್ಲ. ನೀರಿನ ಬಿಸಿ, ಉಪ್ಪು, ಆಳದ ಒತ್ತಡ ಈ ಮೂರೂ ಸೇರಿ ಅದರ ವೇಗ ತೀರ್ಮಾನಿಸುತ್ತವೆ, ಮತ್ತು ಶಬ್ದ ಯಾವಾಗಲೂ ವೇಗ ಕಡಿಮೆ ಇರುವ ಕಡೆಗೇ ಬಾಗುತ್ತದೆ. ನಾನು ಪಿಯುಸಿ ಮಕ್ಕಳಿಗೆ ಭೌತಶಾಸ್ತ್ರ ಪಾಠ ಮಾಡುತ್ತಿದ್ದವನು. ಗಾಜಿನ ಫಲಕ ಇಟ್ಟು, ಗುಂಡುಪಿನ್ನು ಚುಚ್ಚಿ ಬೆಳಕು ಬಾಗೋದನ್ನು ತೋರಿಸುತ್ತೇವಲ್ಲ, ಅದೇ ನಿಯಮ ಇದು. ಕಾಲೇಜಿನ ಕಿಟಕಿಯಿಂದ ಸಮುದ್ರ ಕಾಣುವ ಊರಲ್ಲೂ ಆ ಪಾಠ ಗಾಜಿನ ಫಲಕದ ಹತ್ತಿರವೇ ಮುಗಿದುಹೋಗುತ್ತದೆ.

ಇದು ಗೊತ್ತಾದ ಕಥೆಯೇ ಸೊಗಸಾಗಿದೆ. 1930ರ ದಶಕದ ಕೊನೆಯಲ್ಲಿ ಅಮೆರಿಕದ ನೌಕಾಪಡೆಯ 'ಸೆಮ್ಸ್' ಅನ್ನೋ ಹಡಗು ಕ್ಯೂಬಾದ ಗ್ವಾಂಟನಾಮೊ ಹತ್ತಿರ ಸೋನಾರ್, ಅಂದರೆ ನೀರಿಗೆ ಶಬ್ದ ಬಿಟ್ಟು ಅದರ ಪ್ರತಿಧ್ವನಿ ಕೇಳುವ ಯಂತ್ರದ ಪರೀಕ್ಷೆ ಮಾಡುತ್ತಿತ್ತು. ಬೆಳಿಗ್ಗೆ ಚೆನ್ನಾಗಿ ಕೇಳಿಸುತ್ತಿದ್ದ ಪ್ರತಿಧ್ವನಿ ಮಧ್ಯಾಹ್ನದ ಹೊತ್ತಿಗೆ ಮಾಯ. ಯಂತ್ರ ಸರಿಯಾಗೇ ಇತ್ತು. ಅಮೆರಿಕದ ವುಡ್ಸ್ ಹೋಲ್ ಸಾಗರವಿಜ್ಞಾನ ಸಂಸ್ಥೆಯ ಕೊಲಂಬಸ್ ಇಸೆಲಿನ್ ಮತ್ತು ಜೊತೆಯವರು ನೀರಿನ ಉಷ್ಣಾಂಶ ಅಳೆದಾಗ ವಿಷಯ ಬಯಲಾಯ್ತು: ಬಿಸಿಲಿಗೆ ಮೇಲಿನ ಕೆಲವೇ ಮೀಟರ್ ನೀರು ಒಂದೆರಡು ಡಿಗ್ರಿ ಕಾದಿತ್ತು, ಬಿಸಿ ನೀರಲ್ಲಿ ಶಬ್ದದ ವೇಗ ಜಾಸ್ತಿ, ಹಾಗಾಗಿ ಅಷ್ಟಕ್ಕೇ ಶಬ್ದವೆಲ್ಲ ಕೆಳಕ್ಕೆ ಬಾಗಿ ಗುರಿಯನ್ನು ತಪ್ಪಿಸಿಕೊಂಡು ಹೋಗುತ್ತಿತ್ತು. ಒಂದೆರಡು ಡಿಗ್ರಿ, ಅಷ್ಟೇ! ಅದೇ ಹೊತ್ತಿಗೆ ಸ್ಪಿಲ್‌ಹಾಸ್ ಅನ್ನೋರು ಹಡಗು ಓಡುತ್ತಿರುವಾಗಲೇ ಆಳದ ಉಷ್ಣಾಂಶ ಗೀಚಿ ತರುವ ಸಾಧನ ಮಾಡಿದರು. ಎರಡನೇ ಮಹಾಯುದ್ಧದಲ್ಲಿ ಅದು ಹಡಗಿಗೂ ಹೋಯ್ತು, ಜಲಾಂತರ್ಗಾಮಿಗೂ ಹೋಯ್ತು. ಯಾಕೆಂದರೆ ಹುಡುಕುವವನಿಗೆ ಎಷ್ಟು ಬೇಕೋ ಅಡಗುವವನಿಗೂ ಅಷ್ಟೇ ಬೇಕು.

ಅಡಗೋದು ಹೇಗೆ? ಗಾಳಿ, ಅಲೆಗೆ ಮೇಲಿನ ನೀರು ಚೆನ್ನಾಗಿ ಕಲೆತು ಒಂದೇ ಹದದಲ್ಲಿರುತ್ತದೆ. ಅದರ ಕೆಳಗೆ ಉಷ್ಣಾಂಶ ದಿಢೀರನೆ ಇಳಿಯುತ್ತದೆ. ಆ ಗಡಿಯಲ್ಲಿ ಹಡಗಿನ ಶಬ್ದ ಇಬ್ಭಾಗ ಆಗಿ, ಒಂದಷ್ಟು ಮೇಲಿನ ಪದರದಲ್ಲೇ ಓಡಾಡುತ್ತದೆ, ಉಳಿದಿದ್ದು ಕಡಿದಾಗಿ ಕೆಳಕ್ಕೆ ಹೋಗುತ್ತದೆ, ನಡುವೆ ಶಬ್ದ ಸರಿಯಾಗಿ ತಲುಪದ ಒಂದು ನೆರಳು ಉಳಿಯುತ್ತದೆ. ಜಲಾಂತರ್ಗಾಮಿಯ ಕ್ಯಾಪ್ಟನ್‌ಗೆ ಬೇಕಾಗಿರೋದು ಆ ನೆರಳೇ. ಅದಕ್ಕೇ ಹೆಲಿಕಾಪ್ಟರಿನಿಂದ ಸೋನಾರನ್ನು ಕೇಬಲ್‌ನಲ್ಲಿ ಪದರದ ಕೆಳಗೆ ಇಳಿಸೋದು, ಹಡಗಿನ ಹಿಂದೆ ಆಳದಲ್ಲಿ ಎಳೆದುಕೊಂಡು ಹೋಗೋದು. ಎಷ್ಟು ಇಳಿಸಬೇಕು ಅನ್ನೋದು ಆವತ್ತಿನ ನೀರು ಗೊತ್ತಿದ್ದರೆ ಮಾತ್ರ ಗೊತ್ತಾಗುತ್ತದೆ.

ನಮ್ಮವರಿಗೆ ಇದು ಬರೀ ಪುಸ್ತಕದ ಮಾತಲ್ಲ. 1971ರ ಡಿಸೆಂಬರ್ 9ರ ರಾತ್ರಿ ದಿಯು ಬಳಿ ಪಾಕಿಸ್ತಾನದ ಹಂಗೋರ್ ಜಲಾಂತರ್ಗಾಮಿ ನಮ್ಮ ಐಎನ್‌ಎಸ್ ಖುಕ್ರಿಯನ್ನು ಮುಳುಗಿಸಿತು. 18 ಅಧಿಕಾರಿಗಳು, 176 ನಾವಿಕರು ಹೋದರು. ಕ್ಯಾಪ್ಟನ್ ಮಹೇಂದ್ರನಾಥ ಮುಲ್ಲಾ ಹಡಗು ಬಿಡದೆ ಅದರ ಜೊತೆಗೇ ಹೋದರು. ಅವರ ಶೌರ್ಯದ ಬಗ್ಗೆ ಪ್ರತಿ ಡಿಸೆಂಬರ್‌ನಲ್ಲೂ ಓದುತ್ತೇವೆ, ಓದಬೇಕು ಕೂಡ. ಆದರೆ ಖುಕ್ರಿ ಬ್ರಿಟನ್ನಿನಲ್ಲಿ ಕಟ್ಟಿದ ಹಡಗು, ಅಟ್ಲಾಂಟಿಕ್‌ನಂಥ ತಣ್ಣನೆ ಸಮುದ್ರ ಮನಸ್ಸಲ್ಲಿಟ್ಟುಕೊಂಡು ರೂಪಿಸಿದ ವರ್ಗದ್ದು. ನಮ್ಮ ಬೆಚ್ಚನೆ ನೀರಲ್ಲಿ ಅಂಥ ಸೋನಾರ್‌ನ ಕಿವಿ ಅಷ್ಟು ದೂರ ಕೇಳುತ್ತಿರಲಿಲ್ಲ. ಸೋಲಿಗೆ ನೀರೊಂದೇ ಕಾರಣ ಅಂತ ನಾನು ಹೇಳುತ್ತಿಲ್ಲ. ನೀರನ್ನು ಬಿಟ್ಟು ಆ ರಾತ್ರಿಯ ಕಥೆ ಹೇಳಿದರೆ ಅದು ಅರ್ಧ ಕಥೆ ಅಂತಷ್ಟೇ ಹೇಳುತ್ತಿದ್ದೇನೆ.

ಇನ್ನು ನಮ್ಮ ಸಮುದ್ರ. ಇದರಷ್ಟು ರಗಳೆಯ ನೀರು ಇನ್ನೊಂದಿಲ್ಲವೇನೋ. ಬಂಗಾಳ ಕೊಲ್ಲಿಗೆ ಗಂಗಾ, ಬ್ರಹ್ಮಪುತ್ರಾ ತಂದು ಸುರಿಯುವ ಸಿಹಿನೀರು ಮೇಲೆ ತೆಳ್ಳಗೆ ಹರಡಿಕೊಂಡು ಕೂರುತ್ತದೆ. ಅರಬ್ಬಿ ಸಮುದ್ರದಲ್ಲಿ ಆವಿ ಜಾಸ್ತಿ, ಹಾಗಾಗಿ ಉಪ್ಪು ಜಾಸ್ತಿ. ಹಾಗಂತ ಕಾರವಾರದ ಎದುರಿನ ನೀರು ವರ್ಷವಿಡೀ ಒಂದೇ ಥರ ಅಂದುಕೊಳ್ಳಬೇಡಿ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ತೆಂಕಣದ ಅರಬ್ಬಿ ಸಮುದ್ರ 30 ಡಿಗ್ರಿ ದಾಟುವಷ್ಟು ಕಾಯುತ್ತದೆ. ಮಳೆಗಾಲ ಬಲಿತ ಮೇಲೆ ಆಳದ ತಣ್ಣೀರು ದಡದ ಹತ್ತಿರ ಮೇಲೆ ಬರುತ್ತದೆ, ಮೇಲಿನ ಬೆಚ್ಚನೆ ಪದರ ತೆಳುವಾಗುತ್ತದೆ. ಬೂತಾಯಿ, ಬಂಗುಡೆ ಹಿಡಿಯುವವರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ನವೆಂಬರ್ ಹೊತ್ತಿಗೆ ಸಮುದ್ರದ ನೀರಿನ ಹರಿವು ದಿಕ್ಕು ಬದಲಿಸಿ, ಉಪ್ಪು ಕಡಿಮೆ ಇರುವ ಬಂಗಾಳ ಕೊಲ್ಲಿಯ ನೀರು ಕನ್ಯಾಕುಮಾರಿ ಸುತ್ತಿಕೊಂಡು ಪಶ್ಚಿಮ ಕರಾವಳಿಗುಂಟ ಬಡಗಣಕ್ಕೆ ಬರುತ್ತದೆ. ಆಗಸ್ಟ್‌ನಲ್ಲಿ ಕೆಲಸಕ್ಕೆ ಬಂದ ಲೆಕ್ಕ ಜನವರಿಯಲ್ಲಿ ಬರೋದಿಲ್ಲ. ಸಾಲದ್ದಕ್ಕೆ ಆಳ ಕಡಿಮೆ ಇರುವ ಕಡೆ ಶಬ್ದ ತಳಕ್ಕೂ ಮೇಲಕ್ಕೂ ಬಡಿದು ಬಡಿದು ಗೊಂದಲ, ಜೊತೆಗೆ ಚಿಟಿಕೆ ಹೊಡೆಯುವ ಒಂದು ಜಾತಿಯ ಸಣ್ಣ ಸೀಗಡಿಗಳ ಚಟಪಟ, ನೂರಾರು ಬೋಟುಗಳ ಎಂಜಿನ್ ಸದ್ದು. ಇದರ ನಡುವೆ ಬ್ಯಾಟರಿ ಮೇಲೆ ಮೆಲ್ಲಗೆ ಹೋಗುವ ಒಂದು ಜಲಾಂತರ್ಗಾಮಿಯನ್ನು ಕೇಳಿಸಿಕೊಳ್ಳಬೇಕು.

ಇದನ್ನೆಲ್ಲ ಅಳೆಯೋ ಕೆಲಸ ನೋಡೋದಕ್ಕೆ ಏನೂ ಮಜಾ ಇಲ್ಲ. ಎಕ್ಸ್‌ಬಿಟಿ ಅಂತ ಒಂದು ಸಾಧನ ಇದೆ. ಪುಟ್ಟ ಬಾಂಬಿನ ಆಕಾರ, ಮೂತಿಯಲ್ಲಿ ಉಷ್ಣಾಂಶ ಅಳೆಯುವ ಚೂರು, ಹೊಟ್ಟೆಯಲ್ಲಿ ಕೂದಲಿನಷ್ಟು ಸಣ್ಣ ತಾಮ್ರದ ತಂತಿಯ ಸುರುಳಿ. ಹಡಗು ಓಡುತ್ತಿರುವಾಗಲೇ ಹಿಂದಿನಿಂದ ನೀರಿಗೆ ಬಿಡುತ್ತಾರೆ. ತಂತಿ ಆ ಕಡೆಯಿಂದಲೂ ಹಡಗಿನ ಕಡೆಯಿಂದಲೂ ಬಿಚ್ಚಿಕೊಳ್ಳುತ್ತ ಹೋಗುತ್ತದೆ. ಅದು ಆಳವನ್ನು ಅಳೆಯೋದೇ ಇಲ್ಲ, ಬೀಳುವ ವೇಗ ಗೊತ್ತಿರೋದರಿಂದ ಎಷ್ಟು ಸೆಕೆಂಡ್ ಆಯ್ತು ಅನ್ನೋದರ ಮೇಲೆ ಲೆಕ್ಕ ಹಾಕುತ್ತಾರೆ. ತಂತಿ ಮುಗಿದು ತುಂಡಾದರೆ ಅದರ ಆಯಸ್ಸೂ ಮುಗೀತು. ಕಂಪ್ಯೂಟರ್ ಪರದೆ ಮೇಲೆ ಒಂದು ವಂಕಿ ಗೆರೆ ಉಳಿಯುತ್ತದೆ. ಅಂಥ ಸಾವಿರಾರು ಗೆರೆ, ಪ್ರತಿ ಋತುವಿನಲ್ಲೂ, ವರ್ಷಗಟ್ಟಲೆ ಸೇರಿಸಿದರೆ ಮಾತ್ರ ನಮ್ಮ ಸಮುದ್ರ ನಮಗೆ ಗೊತ್ತು ಅನ್ನಬಹುದು. ಇದಕ್ಕೆ ರಿಬ್ಬನ್ ಕತ್ತರಿಸೋರು ಯಾರು?

ಕೆಲಸ ಮಾಡೋರು ಇದ್ದಾರೆ. ಕೊಚ್ಚಿಯಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ, ನೌಕಾಪಡೆಗೆ ಸೋನಾರ್ ರೂಪಿಸುವ ಎನ್‌ಪಿಒಎಲ್ ಪ್ರಯೋಗಾಲಯ ಇದೆ, ಅದಕ್ಕೆ 1994ರಿಂದ ಸಾಗರಧ್ವನಿ ಅನ್ನೋ ಸ್ವಂತ ಸಂಶೋಧನಾ ಹಡಗಿದೆ. ನಮ್ಮ ಪಕ್ಕದಲ್ಲೇ, ಗೋವಾದ ದೋನಾ ಪಾವ್ಲಾದಲ್ಲಿ, 1966ರಲ್ಲಿ ಶುರುವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆ ಇದೆ. ಹೈದರಾಬಾದಿನ ಸಾಗರ ಮಾಹಿತಿ ಕೇಂದ್ರ ಇನ್‌ಕಾಯ್ಸ್ ಮೀನುಗಾರರಿಗೆ ಎಲ್ಲಿ ಮೀನು ಸಿಗಬಹುದು ಅಂತ ಮುನ್ಸೂಚನೆ ಕೊಡೋದೂ ಸಮುದ್ರದ ಉಷ್ಣಾಂಶ ನೋಡಿಕೊಂಡೇ. ಅಂದರೆ ನೌಕಾಪಡೆಗೆ ಬೇಕಾದ ಅಳತೆಯೇ ಮಲ್ಪೆಯ ಬೋಟಿಗೂ ಬೇಕು. ಇಷ್ಟಿದ್ದೂ, ನೌಕಾನೆಲೆಗಾಗಿ ಊರಿಗೆ ಊರೇ ಬಿಟ್ಟುಕೊಟ್ಟ ಉತ್ತರ ಕನ್ನಡದಲ್ಲಿ, ಸಾಗರವಿಜ್ಞಾನ ಓದಿದರೆ ಏನು ಕೆಲಸ ಸಿಗುತ್ತದೆ ಅಂತ ಕೇಳಿದರೆ ಉತ್ತರ ಹೇಳೋರಿಲ್ಲ. ನನ್ನ ಹತ್ತಿರ ಓದಿದ ಜಾಣ ಮಕ್ಕಳೆಲ್ಲ ಬೆಂಗಳೂರಿನ ಬಸ್ ಹತ್ತಿದರು. ಅವರನ್ನು ದೂರೋದಿಲ್ಲ, ಈ ದಾರಿ ಇದೆ ಅಂತ ಅವರಿಗೆ ಹೇಳೋ ಒಂದು ಲೇಖನವೂ ಕನ್ನಡದಲ್ಲಿ ನನ್ನ ಕಣ್ಣಿಗೆ ಬಿದ್ದಿರಲಿಲ್ಲ.

ಗುಟ್ಟಿನ ವಿಷಯ ಅಂತ ಕೆಲವರು ಮೂಗು ಮುರೀಬಹುದು. ಸಮುದ್ರದ ತಳದ ನಕ್ಷೆ, ಸೋನಾರ್ ಎಷ್ಟು ದೂರ ಕೇಳುತ್ತದೆ, ಇವೆಲ್ಲ ಗುಟ್ಟಾಗಿಯೇ ಇರಲಿ, ಯಾರೂ ಕೇಳುತ್ತಿಲ್ಲ. ಶಬ್ದ ಯಾಕೆ ಬಾಗುತ್ತದೆ, ಮಳೆಗಾಲದಲ್ಲಿ ನಮ್ಮ ನೀರು ಯಾಕೆ ತಣ್ಣಗಾಗುತ್ತದೆ ಅನ್ನೋದು ಗುಟ್ಟಲ್ಲವಲ್ಲ.

ಹಾಗಾಗಿ ನನ್ನ ಕೋರಿಕೆ ಇಷ್ಟೇ. ಡಿಸೆಂಬರ್ 4ರ ನೌಕಾಪಡೆ ದಿನಕ್ಕೆ ನೀವು ಹೇಗೂ ವಿಶೇಷ ಪುಟ ಮಾಡುತ್ತೀರಿ. ಈ ಸಲ ಒಬ್ಬ ವರದಿಗಾರರನ್ನು ಗೋವಾಕ್ಕೋ ಕೊಚ್ಚಿಗೋ ಕಳಿಸಿ. ಕ್ಷಿಪಣಿ ಬಗ್ಗೆ ಆಮೇಲೆ ಕೇಳಲಿ. ಬೋಟುಗಳೆಲ್ಲ ದಡದಲ್ಲಿ ನಿಂತಿರುವ ಜೂನ್, ಜುಲೈನಲ್ಲಿ ನಮ್ಮ ಕರಾವಳಿಯ ನೀರನ್ನು ಯಾರು ಅಳೆಯುತ್ತಾರೆ, ಯಾವುದರಿಂದ ಅಳೆಯುತ್ತಾರೆ, ಆ ಕೆಲಸಕ್ಕೆ ನಮ್ಮ ಹುಡುಗ ಹುಡುಗಿಯರು ಸೇರೋದು ಹೇಗೆ ಅಂತ ಮೊದಲು ಕೇಳಿ ಬರೆಯಲಿ.

ಇಂತಿ,
ನಿಮ್ಮ ಓದುಗ,
ಕುಮಟಾ, ಉತ್ತರ ಕನ್ನಡ