ತಲೆಬರಹದಲ್ಲಿ ‘ಇಂದ’ ಬರೆಯುವ ಮುನ್ನ

ಮಾನ್ಯ ಸಂಪಾದಕರೇ,

ನಿಮ್ಮ ಪುರವಣಿಯಿಂದ ಕತ್ತರಿಸಿದ ಲೇಖನವೊಂದನ್ನು ಕೈಯಲ್ಲಿ ಹಿಡಿದುಕೊಂಡು ಕಳೆದ ವಾರ ನಮ್ಮ ಬೀದಿಯ ಒಬ್ಬ ತಾಯಿ ಮನೆಗೆ ಬಂದಳು. ಕಾಲೇಜಿನಲ್ಲಿ ವಾಣಿಜ್ಯ ಓದಿದವಳು. ನನ್ನ ಪಾಠ ಕೇಳಿದವಳಲ್ಲವಾದರೂ ಈಗಲೂ ನನ್ನನ್ನು ‘ಮೇಡಂ’ ಎಂದೇ ಕರೆಯುತ್ತಾಳೆ. ಲೇಖನದ ತಲೆಬರಹ ‘ಚಿಕ್ಕಂದಿನ ಸಂಯಮದಿಂದ ಬದುಕಿನಲ್ಲಿ ಯಶಸ್ಸು’. ಎದುರಿಗಿಟ್ಟ ಮಿಠಾಯಿಯನ್ನು ತಿನ್ನದೆ ಕಾದ ಮಕ್ಕಳು ಮುಂದೆ ಚೆನ್ನಾಗಿ ಓದಿದರು, ತಡೆಯಲಾರದೆ ತಿಂದವರು ಹಿಂದೆ ಬಿದ್ದರು ಎಂಬುದು ಅದರ ತಿರುಳು. ಆಕೆ ಓದಿ ಸುಮ್ಮನಾಗಲಿಲ್ಲ. ನಾಲ್ಕು ವರ್ಷದ ಮಗನ ಮುಂದೆ ತಟ್ಟೆಯಲ್ಲಿ ಒಂದು ಕೊಬ್ಬರಿ ಮಿಠಾಯಿ ಇಟ್ಟು, ‘ಮಹಡಿಯ ಮೇಲಿನ ಬಟ್ಟೆ ತೆಗೆದುಕೊಂಡು ಬರುವವರೆಗೆ ಮುಟ್ಟದಿದ್ದರೆ ಇನ್ನೊಂದು ಕೊಡುತ್ತೇನೆ’ ಎಂದು ಹೇಳಿ ಮೆಟ್ಟಿಲು ಹತ್ತಿದ್ದಾಳೆ. ಅರ್ಧ ಹತ್ತಿ ತಿರುಗಿ ನೋಡುವಷ್ಟರಲ್ಲಿ ತಟ್ಟೆ ಖಾಲಿ. ಮರುದಿನವೂ ಹಾಗೆಯೇ, ಮೂರನೆಯ ದಿನವೂ ಹಾಗೆಯೇ. ‘ಮೇಡಂ, ಇವನು ಮುಂದೆ ಓದುವುದೇ ಇಲ್ಲವೇ?’ ಎಂದು ಕೇಳುವಾಗ ಅವಳ ಧ್ವನಿ ನಡುಗುತ್ತಿತ್ತು. ಆ ಹೊತ್ತಿಗೆ ಹುಡುಗ ನಮ್ಮ ಅಂಗಳದಲ್ಲಿ ಅಡಿಕೆ ಹಾಳೆಯ ಮೇಲೆ ಕೂತಿದ್ದ. ಎರಡನೆಯ ತರಗತಿಯ ಅಣ್ಣ ಅವನನ್ನು ಎಳೆದುಕೊಂಡು ಸುತ್ತುತ್ತಿದ್ದ.

ನಾನು ಮೂವತ್ತೊಂದು ವರ್ಷ ಪದವಿಪೂರ್ವ ಕಾಲೇಜಿನಲ್ಲಿ ಮನಃಶಾಸ್ತ್ರ ಕಲಿಸಿದವಳು. ಪತ್ರಿಕೆಗೆ ಇದುವರೆಗೆ ಒಂದು ಪತ್ರವನ್ನೂ ಬರೆದವಳಲ್ಲ. ಆ ರಾತ್ರಿ ನಿದ್ದೆ ಬರಲಿಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ನನ್ನ ತಕರಾರು ನಿಮ್ಮ ತಲೆಬರಹದ ಒಂದು ವಿಭಕ್ತಿ ಪ್ರತ್ಯಯದ ಮೇಲೆ. ‘ಸಂಯಮದಿಂದ’ ಎಂದಿರಿ. ಕನ್ನಡದಲ್ಲಿ ‘ಇಂದ’ ಸುಮ್ಮನೆ ಬರುವ ಪ್ರತ್ಯಯವಲ್ಲ. ‘ಮಳೆಯಿಂದ ಗದ್ದೆ ತುಂಬಿತು’ ಎಂದರೆ ತುಂಬಿಸಿದ್ದು ಮಳೆ, ಅದರಲ್ಲಿ ಅನುಮಾನಕ್ಕೆ ಎಡೆಯಿಲ್ಲ. ಮನಃಶಾಸ್ತ್ರದಲ್ಲಿ ‘ಇಂದ’ ಎನ್ನುವ ಹಕ್ಕು ಸುಲಭವಾಗಿ ಸಿಗುವುದಿಲ್ಲ. ಎರಡು ಸಂಗತಿಗಳು ಜೊತೆಜೊತೆಗೆ ಏರುತ್ತವೆ, ಇಳಿಯುತ್ತವೆ ಎಂದು ಅಳೆದು ತೋರಿಸುವುದು ಸಹಸಂಬಂಧ ವಿಧಾನ. ಒಂದನ್ನು ಸಂಶೋಧಕರೇ ಬದಲಿಸಿ, ಇನ್ನೊಂದು ಬದಲಾಗುತ್ತದೆಯೇ ಎಂದು ನೋಡುವುದು ಪ್ರಾಯೋಗಿಕ ವಿಧಾನ. ಮೊದಲನೆಯದು ‘ಜೊತೆಗೆ’ ಎನ್ನಬಲ್ಲದು. ‘ಇಂದ’ ಎನ್ನುವ ಧೈರ್ಯ ಎರಡನೆಯದಕ್ಕೆ ಮಾತ್ರ ಬರುತ್ತದೆ, ಅದೂ ಪ್ರಯೋಗ ಸರಿಯಾಗಿ ನಡೆದಿದ್ದರೆ.

ತರಗತಿಯಲ್ಲಿ ನಾನು ಕೊಡುತ್ತಿದ್ದ ಉದಾಹರಣೆ ಕೊಡೆ ಮತ್ತು ಉಂಬಳದ್ದು, ಅಂದರೆ ರಕ್ತ ಹೀರುವ ಜಿಗಣೆಯದ್ದು. ಮಲೆನಾಡಿನಲ್ಲಿ ಕೊಡೆ ಬಿಚ್ಚಿದ ದಿನ ಕಾಲಿಗೆ ಉಂಬಳ ಹತ್ತುವುದು ಹೆಚ್ಚು. ಇಡೀ ವರ್ಷ ಲೆಕ್ಕವಿಟ್ಟರೆ ಬಹಳ ಗಟ್ಟಿಯಾದ ಸಹಸಂಬಂಧ ಸಿಕ್ಕೀತು. ಹಾಗೆಂದು ಕೊಡೆಯನ್ನು ಮನೆಯಲ್ಲಿ ಬಿಟ್ಟು ತೋಟಕ್ಕೆ ಇಳಿದರೆ ಉಂಬಳ ಬಿಡುತ್ತದೆಯೇ? ಎರಡನ್ನೂ ತರುವುದು ಮಳೆ. ಹದಿನಾರು ವರ್ಷದ ಮಕ್ಕಳಿಗೆ ಇದು ಅರೆ ಗಳಿಗೆಯಲ್ಲಿ ಅರ್ಥವಾಗುತ್ತಿತ್ತು. ಮನೆಯ ಮಗುವಿನ ವಿಷಯ ಬಂದಾಗ ಮಾತ್ರ ನಾವು ಮಳೆಯನ್ನು ಮರೆತುಬಿಡುತ್ತೇವೆ.

ಈಗ ಆ ಮಿಠಾಯಿಯ ಅಧ್ಯಯನಕ್ಕೆ ಬರುತ್ತೇನೆ. ನಿಮ್ಮ ಲೇಖನದಲ್ಲಿ ಅದರ ಅರ್ಧ ಕಥೆಯೂ ಇರಲಿಲ್ಲ. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದ ಆವರಣದಲ್ಲಿರುವ ಶಿಶುವಿಹಾರದಲ್ಲಿ 1960ರ ದಶಕದ ಕೊನೆಗೆ ವಾಲ್ಟರ್ ಮಿಶೆಲ್ ಇದನ್ನು ಆರಂಭಿಸಿದರು. ಯಾವ ಮಗು ಜಾಣ, ಯಾವುದು ದಡ್ಡ ಎಂದು ಬೇರ್ಪಡಿಸುವುದು ಅವರ ಉದ್ದೇಶವಾಗಿರಲಿಲ್ಲ. ಕಾಯುವುದನ್ನು ಯಾವುದು ಸುಲಭ ಮಾಡುತ್ತದೆ, ಯಾವುದು ಕಷ್ಟ ಮಾಡುತ್ತದೆ ಎಂಬುದು ಅವರ ಪ್ರಶ್ನೆ. ಆದ್ದರಿಂದ ಅವರು ಮಾಡಿದ್ದು ಪ್ರಯೋಗ. 1970ರಲ್ಲಿ ಅವರು ಮತ್ತು ಎಬ್ಬೆ ಎಬ್ಬೆಸೆನ್ ಪ್ರಕಟಿಸಿದ ಅಧ್ಯಯನದಲ್ಲಿ ಇದ್ದದ್ದು 32 ಮಕ್ಕಳು. ಕೆಲವರ ಎದುರಿಗೆ ತಿಂಡಿಯನ್ನು ಕಾಣುವಂತೆ ಇಟ್ಟರು, ಕೆಲವರಿಗೆ ಕಾಣದಂತೆ ಇಟ್ಟರು. ಎರಡೂ ತಿಂಡಿಗಳು ಕಣ್ಣೆದುರಿಗಿದ್ದ ಮಕ್ಕಳು ಸರಾಸರಿ ಒಂದು ನಿಮಿಷ ಕಾದರು. ಯಾವುದೂ ಕಾಣದಿದ್ದ ಮಕ್ಕಳು ಹನ್ನೊಂದು ನಿಮಿಷ ಕಾದರು. ಮಕ್ಕಳು ಅದೇ ಶಿಶುವಿಹಾರದವರು, ಅದೇ ವಯಸ್ಸಿನವರು. ಯಾವ ಮಗು ಯಾವ ಗುಂಪಿಗೆ ಎಂಬುದನ್ನು ಮಗುವಿನ ಗುಣ ನೋಡಿ ತೀರ್ಮಾನಿಸಲಿಲ್ಲ, ಚೀಟಿ ಎತ್ತಿದಂತೆ ಹಂಚಿದರು. ಆದ್ದರಿಂದ ಇಲ್ಲಿ ‘ಇಂದ’ ಎನ್ನಬಹುದು: ತಿಂಡಿ ಕಣ್ಣೆದುರಿಗಿದ್ದುದರಿಂದ ಕಾಯುವುದು ಕಷ್ಟವಾಯಿತು. ನಮ್ಮ ಬೀದಿಯ ಆ ತಾಯಿ ಕೊಬ್ಬರಿ ಮಿಠಾಯಿಯನ್ನು ಮಗನ ಮೂಗಿನ ಮುಂದೆಯೇ ಇಟ್ಟಿದ್ದಳು ಎಂಬುದನ್ನು ಗಮನಿಸಿ.

ಯಶಸ್ಸಿನ ಮಾತು ಬಂದದ್ದು ಬಹಳ ವರ್ಷಗಳ ನಂತರ. ಆ ಮಕ್ಕಳು ದೊಡ್ಡವರಾದ ಮೇಲೆ ಯುಯಿಚಿ ಶೋಡ, ಮಿಶೆಲ್, ಫಿಲಿಪ್ ಪೀಕ್ ಮೂವರೂ ಅವರನ್ನು ಹುಡುಕಿ, 1990ರಲ್ಲಿ ಒಂದು ಲೆಕ್ಕವನ್ನು ಮುಂದಿಟ್ಟರು. ತಿಂಡಿ ಎದುರಿಗಿದ್ದೂ ಹೆಚ್ಚು ಹೊತ್ತು ಕಾದಿದ್ದವರು ಕಾಲೇಜು ಪ್ರವೇಶ ಪರೀಕ್ಷೆಯಲ್ಲಿ ಹೆಚ್ಚು ಅಂಕ ಪಡೆದಿದ್ದರು. ಇದು ಸಹಸಂಬಂಧ. ಕಾಯುವ ಗುಣವನ್ನು ಯಾರಿಗೂ ಯಾರೂ ಹಂಚಿರಲಿಲ್ಲ, ಇದ್ದದ್ದನ್ನು ಅಳೆದಿದ್ದರು ಅಷ್ಟೇ. ಎಲ್ಲರೂ ಎತ್ತಿ ಹೇಳುವ ಆ ಅಂಕಿ ಹೊರಟದ್ದು ಬರೀ 35 ಮಕ್ಕಳ ಅಂಕಪಟ್ಟಿಯಿಂದ. ಆ ಶಿಶುವಿಹಾರಕ್ಕೆ ಬರುತ್ತಿದ್ದವರಲ್ಲಿ ಹೆಚ್ಚಿನವರು ಅದೇ ವಿಶ್ವವಿದ್ಯಾಲಯದವರ ಮಕ್ಕಳು. ಗುಂಪು ಚಿಕ್ಕದು, ಸಂಬಂಧ ಇರುವುದಕ್ಕಿಂತ ಹೆಚ್ಚಾಗಿ ಕಂಡಿರಬಹುದು ಎಂದು ಸಂಶೋಧಕರೇ ಎಚ್ಚರಿಸಿದ್ದರು. ಅವರ ಎಚ್ಚರಿಕೆ ಪತ್ರಿಕೆಗಳಿಗೆ ತಲುಪುವಷ್ಟರಲ್ಲಿ ಎಲ್ಲೋ ಉದುರಿಹೋಯಿತು.

2018ರಲ್ಲಿ ಟೈಲರ್ ವಾಟ್ಸ್, ಗ್ರೆಗ್ ಡಂಕನ್, ಹಾವೊನನ್ ಕ್ವಾನ್ ಎಂಬ ಮೂವರು 900ಕ್ಕೂ ಹೆಚ್ಚು ಮಕ್ಕಳ ಮಾಹಿತಿಯನ್ನು ಮತ್ತೆ ಪರಿಶೀಲಿಸಿದರು. ತಾಯಿ ಪದವಿ ಓದಿರದ ಮನೆಗಳ ಮಕ್ಕಳ ಮೇಲೆ ಅವರು ಹೆಚ್ಚು ಗಮನ ಕೊಟ್ಟರು. ಕಾದ ಹೊತ್ತಿಗೂ 15ನೆಯ ವಯಸ್ಸಿನ ಕಲಿಕೆಗೂ ಇದ್ದ ಸಂಬಂಧ ಹಳೆಯದರ ಅರ್ಧದಷ್ಟೇ ಕಂಡಿತು. ಮನೆಯ ಸ್ಥಿತಿಗತಿ, ಮನೆಯ ವಾತಾವರಣ, ಮಗುವಿಗೆ ಅಷ್ಟರಲ್ಲೇ ಇದ್ದ ಗ್ರಹಿಕೆ ಇವನ್ನೆಲ್ಲ ಲೆಕ್ಕಕ್ಕೆ ತೆಗೆದುಕೊಂಡ ಮೇಲೆ ಆ ಅರ್ಧದಲ್ಲೂ ಮೂರರಲ್ಲಿ ಎರಡು ಭಾಗ ಕರಗಿತು. ಮಳೆ ಸಿಕ್ಕಿತ್ತು, ಸಂಪಾದಕರೇ. ನಿಮ್ಮ ಲೇಖನದಲ್ಲಿ ಕೊಡೆ ಮತ್ತು ಉಂಬಳ ಮಾತ್ರ ಇದ್ದವು.

ಇನ್ನೊಂದು ಅಧ್ಯಯನವನ್ನು ಆ ತಾಯಿಗೆ ಹೇಳಿದೆ, ನಿಮಗೂ ಹೇಳಬೇಕು. ರೋಚೆಸ್ಟರ್ ವಿಶ್ವವಿದ್ಯಾಲಯದಲ್ಲಿ ಸೆಲೆಸ್ಟ್ ಕಿಡ್ ಮತ್ತು ಸಂಗಡಿಗರು 28 ಮಕ್ಕಳನ್ನು ಹದಿನಾಲ್ಕರ ಎರಡು ಗುಂಪು ಮಾಡಿದರು. ಮಿಠಾಯಿಗೆ ಮೊದಲು ಎಲ್ಲರಿಗೂ ‘ಸ್ವಲ್ಪ ತಾಳು, ಇನ್ನೂ ಚೆಂದದ ಬಣ್ಣದ ಕಡ್ಡಿ ತರುತ್ತೇನೆ’ ಎಂದು ಮಾತು ಕೊಟ್ಟರು. ಒಂದು ಗುಂಪಿಗೆ ಹೇಳಿದಂತೆ ತಂದುಕೊಟ್ಟರು. ಇನ್ನೊಂದು ಗುಂಪಿಗೆ ‘ಇಲ್ಲವಂತೆ, ಇರುವುದರಲ್ಲೇ ಮಾಡು’ ಎಂದು ಬರಿಗೈಯಲ್ಲಿ ಬಂದರು. ಆಮೇಲೆ ಮಿಠಾಯಿಯ ಪರೀಕ್ಷೆ. ಮಾತು ಉಳಿಸಿಕೊಂಡವರ ಎದುರಿನ ಮಕ್ಕಳು ಸರಾಸರಿ ಹನ್ನೆರಡು ನಿಮಿಷ ಕಾದರು. ಮಾತು ತಪ್ಪಿದವರ ಎದುರಿನ ಮಕ್ಕಳು ಮೂರು ನಿಮಿಷ. ಹದಿನಾಲ್ವರಲ್ಲಿ ಪೂರ್ತಿ ಹದಿನೈದು ನಿಮಿಷ ಕಾದದ್ದು ಮೊದಲ ಗುಂಪಿನಲ್ಲಿ ಒಂಬತ್ತು ಮಂದಿ, ಎರಡನೆಯದರಲ್ಲಿ ಒಬ್ಬನೇ ಒಬ್ಬ. ಗುಂಪು ಚಿಕ್ಕದು ಎಂಬ ಮಾತು ಇದಕ್ಕೂ ಅನ್ವಯಿಸುತ್ತದೆ. ಆದರೆ ಪ್ರಶ್ನೆ ಕೇಳಿದ ರೀತಿ ಸರಿಯಾಗಿದೆ.

‘ನಿನ್ನ ಮನೆಯಲ್ಲಿ ತಟ್ಟೆಯಲ್ಲಿ ಉಳಿಸಿಟ್ಟ ತಿಂಡಿ ಯಾರಿಗೆ ಸಿಗುತ್ತದೆ?’ ಎಂದು ಕೇಳಿದೆ. ಅವಳು ಅಂಗಳದ ಕಡೆ ನೋಡಿ, ‘ದೊಡ್ಡವನು ಬಾಯಿಗೆ ಹಾಕಿಕೊಳ್ಳುತ್ತಾನೆ ಮೇಡಂ’ ಎಂದಳು. ಅಣ್ಣನಿರುವ ಮನೆಯಲ್ಲಿ ತಮ್ಮ ಕಾಯದಿರುವುದು ದಡ್ಡತನವಲ್ಲ ಎಂದು ನನಗೆ ಅನಿಸಿತು. ಆದರೆ ಅದೇ ಕಾರಣ ಎಂದು ಅವಳಿಗೆ ಹೇಳಲಿಲ್ಲ. ಒಂದು ಮನೆ, ಒಂದು ಮಗು, ಮೂರು ದಿನ. ಇಷ್ಟರ ಮೇಲೆ ನಾನೂ ‘ಇಂದ’ ಎನ್ನಲಾರೆ.

ಸಹಸಂಬಂಧವೆಂದರೆ ಕಸ ಎಂದು ನಾನು ಹೇಳುತ್ತಿಲ್ಲ. ನಾನು ಓದಿದ್ದು ಮೈಸೂರಿನಲ್ಲಿ. 1924ರಲ್ಲಿ ಅಲ್ಲಿ ಮನಃಶಾಸ್ತ್ರ ವಿಭಾಗವನ್ನು ಕಟ್ಟಿದ ಎಂ.ವಿ. ಗೋಪಾಲಸ್ವಾಮಿಯವರು ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಕೈಕೆಳಗೆ ಸಂಶೋಧನೆ ಮಾಡಿ ಬಂದವರು. ಸ್ಥಾನಗಳನ್ನು ಹೋಲಿಸಿ ಸಹಸಂಬಂಧ ಲೆಕ್ಕ ಹಾಕುವ ಕ್ರಮವನ್ನು 1904ರಲ್ಲಿ ಕೊಟ್ಟವರು ಇದೇ ಸ್ಪಿಯರ್‌ಮನ್. (1935ರಲ್ಲಿ ತಮ್ಮ ಮನೆಯಲ್ಲೇ ಮೈಸೂರಿನ ‘ಆಕಾಶವಾಣಿ’ಯನ್ನು ಆರಂಭಿಸಿದವರೂ ಇದೇ ಗೋಪಾಲಸ್ವಾಮಿಯವರು. ವಿಭಾಗಕ್ಕೆ ಕಾಲಿಟ್ಟ ದಿನ ನಮಗೆ ಮೊದಲು ಹೇಳಿದ್ದು ಈ ಸಂಗತಿಯನ್ನೇ.) ಆ ಪರಂಪರೆಯಲ್ಲಿ ಕಲಿತ ನನಗೆ ಸಹಸಂಬಂಧದ ಮೇಲೆ ಗೌರವವಿದೆ. ಮಕ್ಕಳಿಗೆ ಹೊಡೆಸಿ, ಹಸಿವಿನಲ್ಲಿಟ್ಟು, ತಾಯಿಯನ್ನು ದೂರ ಮಾಡಿ ಪ್ರಯೋಗ ಮಾಡಲು ಬರುವುದಿಲ್ಲ. ಅಂಥ ಕಡೆ ಇದ್ದದ್ದನ್ನು ನೋಡಿ ಅಳೆಯುವುದೊಂದೇ ದಾರಿ.

ಆ ದಾರಿ ಎಲ್ಲಿ ನಿಂತುಹೋಗುತ್ತದೆ ಎಂಬುದನ್ನು ರೊಮೇನಿಯಾದ ಅನಾಥಾಲಯಗಳ ಅಧ್ಯಯನದಲ್ಲಿ ಕಾಣಬಹುದು. ಅನಾಥಾಲಯದಲ್ಲಿ ಬೆಳೆದ ಮಕ್ಕಳ ಬುದ್ಧಿಮಟ್ಟ ಕಡಿಮೆ ಎಂಬುದು ಮೊದಲಿನಿಂದ ಗೊತ್ತಿತ್ತು. ಕಾರಣ ಅನಾಥಾಲಯವೋ, ಅಥವಾ ಗಟ್ಟಿಮುಟ್ಟಾದ ಮಕ್ಕಳನ್ನು ಜನ ದತ್ತು ತೆಗೆದುಕೊಂಡು ಬಡಕಲು ಮಕ್ಕಳು ಅಲ್ಲೇ ಉಳಿದರೋ? ಎಷ್ಟು ಮಕ್ಕಳನ್ನು ಅಳೆದರೂ ಇದು ಬಗೆಹರಿಯದು. 2000ದ ದಶಕದ ಆರಂಭದಲ್ಲಿ ಚಾರ್ಲ್ಸ್ ನೆಲ್ಸನ್, ನೇಥನ್ ಫಾಕ್ಸ್, ಚಾರ್ಲ್ಸ್ ಝೀನಾ ಬುಖಾರೆಸ್ಟಿನ ಅನಾಥಾಲಯಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟನ್ನು ಅದೃಷ್ಟದ ಚೀಟಿಯಂತೆ ಆರಿಸಿ, ತರಬೇತಿ ಪಡೆದ ಸಾಕು ಕುಟುಂಬಗಳಿಗೆ ಕಳಿಸಿದರು. ಉಳಿದವರು ಮೊದಲಿನ ವ್ಯವಸ್ಥೆಯಲ್ಲೇ ಮುಂದುವರಿದರು. ನಾಲ್ಕೂವರೆ ವರ್ಷ ತುಂಬಿದಾಗ ಅನಾಥಾಲಯದ ಗುಂಪಿನ ಸರಾಸರಿ ಬುದ್ಧಿಸೂಚ್ಯಂಕ 73, ಸಾಕು ಮನೆಯ ಗುಂಪಿನದು 81, ಹೆತ್ತವರ ಜೊತೆಗೇ ಬೆಳೆದ ಅಲ್ಲಿನ ಮಕ್ಕಳದು 109. ಎರಡು ವರ್ಷ ತುಂಬುವ ಮೊದಲೇ ಮನೆ ಸೇರಿದವರಿಗೆ ಹೆಚ್ಚು ಲಾಭವಾಗಿತ್ತು. 2007ರಲ್ಲಿ ಇದು ಪ್ರಕಟವಾಯಿತು. ಪ್ರತಿ ವರ್ಷ ಈ ಪಾಠ ಮಾಡುವಾಗ, ಚೀಟಿ ಬಾರದೆ ಅಲ್ಲೇ ಉಳಿದ ಮಕ್ಕಳ ಕಡೆಗೆ ನನ್ನ ಮನಸ್ಸು ಹೋಗುತ್ತಿತ್ತು. ಅದು ಸರಿಯೇ ಎಂಬ ಚರ್ಚೆ ತರಗತಿಯಲ್ಲಿ ಗಂಟೆ ಹೊಡೆದರೂ ಮುಗಿಯುತ್ತಿರಲಿಲ್ಲ. ಅಷ್ಟು ದೊಡ್ಡ ಬೆಲೆ ತೆತ್ತು ಪಡೆದ ‘ಇಂದ’ ಅದು. ನಿಮ್ಮ ತಲೆಬರಹಗಳಲ್ಲಿ ಅದೇ ಪ್ರತ್ಯಯ ವಾರಕ್ಕೆ ನಾಲ್ಕು ಸಲ ಪುಕ್ಕಟೆಯಾಗಿ ಬೀಳುತ್ತಿದೆ: ಮೊಬೈಲ್‌ನಿಂದ ಹೀಗೆ, ತಾಯಿಯ ನೌಕರಿಯಿಂದ ಹಾಗೆ.

ನಾನು ಕೇಳುವುದು ಇಷ್ಟೇ. ಮನಃಶಾಸ್ತ್ರದ ಸಂಶೋಧನೆಯ ಸುದ್ದಿ ಹಾಕುವಾಗ, ಗುಂಪುಗಳನ್ನು ಸಂಶೋಧಕರೇ ಚೀಟಿ ಎತ್ತಿ ಮಾಡಿದ್ದರೇ ಅಥವಾ ಇದ್ದವರನ್ನು ಇದ್ದಂತೆ ಅಳೆದರೇ, ಅಳೆದದ್ದು ಎಷ್ಟು ಜನರನ್ನು ಎಂಬ ಎರಡು ವಾಕ್ಯಗಳನ್ನು ಸೇರಿಸಿ. ಬರೀ ಅಳೆದದ್ದಾದರೆ ತಲೆಬರಹದಲ್ಲಿ ‘ಜೊತೆಗೆ’, ‘ಹೆಚ್ಚಾಗಿ ಕಂಡಿದೆ’ ಎಂದು ಬರೆಯಿರಿ. ಇನ್ನೊಂದು ಕೋರಿಕೆಯೂ ಇದೆ. ಸಂಯಮದ ಆ ಲೇಖನಕ್ಕೆ 2018ರ ಅಧ್ಯಯನದ ವಿವರದೊಂದಿಗೆ ಒಂದು ತಿದ್ದುಪಡಿಯನ್ನು ಪುರವಣಿಯ ಅದೇ ಪುಟದಲ್ಲಿ, ಅದೇ ಜಾಗದಲ್ಲಿ ಹಾಕಿ. ನನ್ನ ಮಾತು ಕೇಳಿ ಆ ತಾಯಿ ಕಣ್ಣೊರೆಸಿಕೊಂಡು ಹೋದಳು ನಿಜ, ಆದರೆ ಹೋಗುವಾಗ ಆ ತುಂಡು ಕಾಗದವನ್ನು ಮಡಿಚಿ ಪರ್ಸಿನಲ್ಲೇ ಇಟ್ಟುಕೊಂಡಳು.

ಇಂತಿ,
ನಿವೃತ್ತ ಮನಃಶಾಸ್ತ್ರ ಉಪನ್ಯಾಸಕಿ, ಸಾಗರ