ಕತ್ತರಿ ಹಿಡಿದ ಮಗಳಿಗೆ

ಹಾಸನ,
ಕಾರ್ತಿಕ ಶುದ್ಧ ದಶಮಿ

ಚಿರಂಜೀವಿ ಪುಟ್ಟಿಗೆ ನಿನ್ನ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ನಾವಿಲ್ಲಿ ಕ್ಷೇಮ. ದೀಪಾವಳಿಗೆ ಬಂದಾಗ ನೀನು ಬಿಟ್ಟುಹೋದ, ಫೋಟೋ ಕತ್ತರಿಸಿ ಅಂಟಿಸಿ ಕಟ್ಟಿದ ಏಳು ಕೊಲಾಜುಗಳನ್ನು ನಡುಮನೆಯ ಮೇಜಿನ ಮೇಲೆ ಹರಡಿಕೊಂಡು, ಬೆಳಗಿನ ಬೆಳಕಿನಲ್ಲೊಮ್ಮೆ ಸಂಜೆಯ ಬೆಳಕಿನಲ್ಲೊಮ್ಮೆ ದಿನವೂ ನೋಡುತ್ತಿದ್ದೇನೆ. ಅವುಗಳನ್ನು ಕಂಡ ಮೇಲೆ ನಿನ್ನ ಅಮ್ಮ ಮೂರು ದಿನ ನಿನ್ನೊಡನೆ ಮಾತು ಬಿಟ್ಟಳೆಂದು ಕೇಳಿ ಸಂಕಟವಾಯಿತು. ಆಕೆ ನನ್ನ ತಂಗಿ. ಊರಿನ ಬಾಯಿಗೆ ಆಕೆ ಎಷ್ಟು ಹೆದರುತ್ತಾಳೆಂಬುದನ್ನು ಚಿಕ್ಕಂದಿನಿಂದ ಬಲ್ಲೆ. ಆದರೆ ದೇವರನ್ನೂ ದೇಹವನ್ನೂ ಒಂದೇ ಹಾಳೆಯ ಮೇಲೆ ಅಂಟಿಸುವುದು ತಪ್ಪೇ ಎಂದು ನೀನು ಕೇಳಿದ್ದು ನನ್ನನ್ನು. ತಪ್ಪಲ್ಲ ಮಗಳೇ. ನನಗಿರುವ ಆಕ್ಷೇಪ ಒಂದೇ, ಅದೂ ಐದನೆಯ ಚಿತ್ರದ ಮೇಲೆ ಮಾತ್ರ. ಆ ಮಾತಿಗೆ ಬರುವ ಮೊದಲು ಹೇಳಬೇಕಾದದ್ದು ಕೆಲವಿದೆ.

ನಿನ್ನ ದೊಡ್ಡಪ್ಪನವರ ಸ್ಟುಡಿಯೋದಲ್ಲಿ ನಾನು 22 ವರ್ಷ ಟಚಿಂಗ್ ಮಾಡಿದವಳೆಂಬುದು ನಿನಗೆ ಗೊತ್ತು. ನೆಗೆಟಿವ್‌ನ ಮೇಲೆ ಚೂಪು ಪೆನ್ಸಿಲಿನಿಂದ ಮುಖದ ಸುಕ್ಕು ತುಂಬುವುದು, ಕಪ್ಪು ಬಿಳುಪಿನ ಪ್ರಿಂಟಿಗೆ ಹತ್ತಿಯಿಂದ ತೆಳುವಾಗಿ ಬಣ್ಣ ಹಚ್ಚುವುದು, ಇವು ದಿನದ ಕೆಲಸಗಳು. ಇವಲ್ಲದೆ ಇನ್ನೊಂದಿತ್ತು. ಯಾರದೋ ಮನೆಯಲ್ಲಿ ಹಿರಿಯರು ತೀರಿಕೊಂಡಿರುತ್ತಿದ್ದರು, ಅವರದೇ ಎಂದು ಒಂದು ಫೋಟೋ ಇರುತ್ತಿರಲಿಲ್ಲ. ಮದುವೆಯ ಗ್ರೂಪ್ ಫೋಟೋದಿಂದ ಅವರ ಮುಖವನ್ನು ಬ್ಲೇಡಿನಿಂದ ಬಿಡಿಸಿ, ಕೋಟಿನ ಮೇಲೋ ಜರಿಯಂಚಿನ ಸೀರೆಯ ಮೇಲೋ ಕೂರಿಸಿ, ಅಂಚನ್ನು ಬಣ್ಣದಿಂದ ಮುಚ್ಚಿ, ಅದನ್ನೇ ಮತ್ತೆ ಕ್ಯಾಮೆರಾದ ಎದುರಿಗಿಟ್ಟು ತೆಗೆದು ದೊಡ್ಡದು ಮಾಡಿಕೊಡುತ್ತಿದ್ದೆವು. ಮನೆಯವರು ಅದಕ್ಕೆ ಕಟ್ಟು ಹಾಕಿಸಿ, ಗಾಜಿನ ಮೇಲೆ ಕುಂಕುಮವಿಟ್ಟು, ಹಾರ ಹಾಕಿ ಕೈಮುಗಿಯುತ್ತಿದ್ದರು. ಕೊಲಾಜ್ ಎಂಬ ಹೆಸರನ್ನು ನಾನು ಕೇಳಿದ್ದು ಎಷ್ಟೋ ವರ್ಷಗಳ ಮೇಲೆ.

ಒಮ್ಮೆ ಒಬ್ಬಾಕೆ ಎರಡು ಫೋಟೋ ತಂದಳು. ಒಂದು ತನ್ನದು, ಇನ್ನೊಂದು ತೀರಿಹೋದ ಗಂಡನ ಗುರುತಿನ ಚೀಟಿಯದು. ಇಬ್ಬರೂ ಜೊತೆಯಾಗಿ ಒಮ್ಮೆಯೂ ಫೋಟೋ ತೆಗೆಸಿಕೊಂಡಿರಲಿಲ್ಲ. ನಾನು ಅವರನ್ನು ಒಂದು ಗೇಣು ಅಂತರದಲ್ಲಿ ಕೂರಿಸಿ ತೋರಿಸಿದೆ. ಆಕೆ ಬಹಳ ಹೊತ್ತು ನೋಡಿ, “ನಾವು ಇಷ್ಟು ದೂರ ಕೂತವರಲ್ಲ ಕಣಮ್ಮ” ಎಂದಳು. ಭುಜಕ್ಕೆ ಭುಜ ತಾಗುವಂತೆ ಮತ್ತೆ ಅಂಟಿಸಿದೆ. ಆಕೆ ಆ ಕೂಡುಗೆರೆಯ ಮೇಲೆ ಬೆರಳಾಡಿಸಿ, ಬೆರಳನ್ನು ಕಣ್ಣಿಗೊತ್ತಿಕೊಂಡಳು. ದೇಹದ ನೆನಪು ಮತ್ತು ಭಕ್ತಿ ಬೇರೆಬೇರೆ ಎಂದು ನನಗೆ ಯಾರೇ ಬೋಧಿಸಿದರೂ ಆ ಬೆರಳು ಕಣ್ಣ ಮುಂದೆ ಬರುತ್ತದೆ.

ನಮ್ಮ ಅಜ್ಜಿಯ ದೇವರಮನೆಯಲ್ಲಿದ್ದ ರವಿವರ್ಮ ಪ್ರೆಸ್ಸಿನ ಲಕ್ಷ್ಮಿಯ ಪಟವನ್ನು ನೀನು ನೋಡಿಲ್ಲ. 1894ರಲ್ಲಿ ಮುಂಬಯಿಯಲ್ಲಿ ಆರಂಭವಾದ ಆ ಅಚ್ಚುಕೂಟದ ಪಟಗಳು ಮನೆಮನೆಗೆ ಬಂದಾಗ, ಹೆಂಗಸರು ಅವಕ್ಕೆ ಪೂಜೆ ಮಾಡಿದ್ದಷ್ಟೇ ಅಲ್ಲದೆ ಅಲಂಕಾರವನ್ನೂ ಮಾಡಿದರು. ಅಜ್ಜಿ ತನ್ನ ಮದುವೆಯ ಸೀರೆಯ ಚೂರೊಂದನ್ನು ಕತ್ತರಿಸಿ ದೇವಿಗೆ ಉಡಿಸಿ, ಚಮಕಿ, ಮಣಿ ಅಂಟಿಸಿದ್ದಳು. ರಾಜಸ್ಥಾನದ ನಾಥದ್ವಾರದಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋದರು. ಅಲ್ಲಿನ ಕೃಷ್ಣನಾದ ಶ್ರೀನಾಥಜಿಯ ಸೇವೆಯ ಮನೋರಥ ಚಿತ್ರಗಳಲ್ಲಿ ದೇವರು, ಅಲಂಕಾರ, ಯಾತ್ರಿಕರ ಮೈ, ಉಡುಪು ಎಲ್ಲವೂ ಕುಂಚದ್ದು. ಯಾತ್ರಿಕರ ಮುಖ ಮಾತ್ರ ಫೋಟೋದಿಂದ ಕತ್ತರಿಸಿ ಅಂಟಿಸಿದ್ದು. ದೇವರ ಪಕ್ಕದಲ್ಲಿ ತಾನಿರಬೇಕೆಂಬ ಆಸೆಯೇ ಅಲ್ಲಿ ಕತ್ತರಿ ಹಿಡಿದಿದೆ, ಮತ್ತು ಅಂಟಿಸಿಕೊಂಡವರು ತಮ್ಮ ಮುಖವನ್ನು ತಾವೇ ಕೊಟ್ಟವರು. ಈ ಕೊನೆಯ ಮಾತನ್ನು ಮನಸ್ಸಿನಲ್ಲಿಟ್ಟುಕೊ.

ಇನ್ನು ನೀನು ಅಷ್ಟೊಂದು ಮೆಚ್ಚುವ ಕಲಾವಿದೆ ಪೆನ್ನಿ ಸ್ಲಿಂಗರ್. 1947ರಲ್ಲಿ ಲಂಡನ್ನಿನಲ್ಲಿ ಹುಟ್ಟಿ, ಅಲ್ಲಿನ ಚೆಲ್ಸಿ ಕಲಾಶಾಲೆಯಲ್ಲಿ ಓದಿದ ಆಕೆಗೆ ದಾರಿ ತೋರಿದ್ದು ಜರ್ಮನಿಯ ಕಲಾವಿದ ಮ್ಯಾಕ್ಸ್ ಅರ್ನ್ಸ್ಟ್ ಹಳೆಯ ಮುದ್ರಿತ ಚಿತ್ರಗಳನ್ನು ಕತ್ತರಿಸಿ ಕಟ್ಟಿದ ಕೊಲಾಜುಗಳು. ನೀನು ತೋರಿಸಿದ ಪುಟಗಳನ್ನು ಮೊದಲು ನೋಡಿದಾಗ ನನಗೂ ಕಸಿವಿಸಿಯಾಯಿತು, ಮುಚ್ಚಿಡುವುದಿಲ್ಲ. ಎರಡನೆಯ ಸಲ ನೋಡಿದಾಗ ಬೇರೊಂದು ಸಂಗತಿ ಕಂಡಿತು. ಅರ್ನ್ಸ್ಟ್ ಅಂಥವರ ಚಿತ್ರಗಳಲ್ಲಿ ಹೆಣ್ಣು ಬೇರೆಯವರ ಕನಸಿನ ಸಾಮಗ್ರಿಯಾಗಿದ್ದರೆ, ಸ್ಲಿಂಗರ್ ಕತ್ತರಿಸಿದ್ದು ಹೆಚ್ಚಾಗಿ ತನ್ನದೇ ದೇಹದ ಫೋಟೋಗಳನ್ನು. 1973ರಲ್ಲಿ ಆಕೆ ಮದುವೆಯ ಕೇಕಿನ ಆಕಾರದ ಉಡುಪನ್ನು ತಾನೇ ಮಾಡಿ ತೊಟ್ಟು, ಕತ್ತರಿಸಿ ಹಂಚಲು ಸಿದ್ಧವಾದ ಮದುಮಗಳಾಗಿ ನಿಂತಳು. ಹೆಣ್ಣಿನ ಮೈಯನ್ನು ತಿನಿಸಿನಂತೆ ಮುಂದಿಡುವ ವ್ಯವಸ್ಥೆಯನ್ನು ತೋರಿಸಲು ಆಕೆ ಮುಂದಿಟ್ಟದ್ದು ತನ್ನನ್ನು, ನೋಡುವವರ ಕಣ್ಣನ್ನು ನೇರವಾಗಿ ಎದುರಿಸಿದ್ದೂ ತಾನೇ. ಪಾಳುಬಿದ್ದ ದೊಡ್ಡ ಬಂಗಲೆಯೊಂದನ್ನು ತನ್ನ ಮನಸ್ಸಿನ ಕೋಣೆಗಳೆಂದು ಭಾವಿಸಿ, ವರ್ಷಗಟ್ಟಲೆ ಕೂತು ಕಟ್ಟಿದ ಫೋಟೋ ಕೊಲಾಜುಗಳನ್ನು 1977ರಲ್ಲಿ ಪುಸ್ತಕ ಮಾಡಿದಳಲ್ಲ, ಅದರಲ್ಲಿ ಬೆತ್ತಲೆ ದೇಹ ಎಷ್ಟೇ ಇದ್ದರೂ ಅದು ಒಂದು ತಪಸ್ಸಿನಂತೆಯೇ ನನಗೆ ಕಂಡಿತು.

1971ರಲ್ಲಿ ಲಂಡನ್ನಿನ ಹೇವರ್ಡ್ ಗ್ಯಾಲರಿಯಲ್ಲಿ ನಡೆದ ತಂತ್ರಕಲೆಯ ಪ್ರದರ್ಶನವನ್ನು ನೋಡಿದ ಮೇಲೆ ಆಕೆ ನಮ್ಮ ಕಡೆಯ ದೇವತೆಗಳತ್ತ, ಯೋಗದತ್ತ ತಿರುಗಿದಳು. ಆ ಹುಡುಕಾಟದ ಪ್ರಾಮಾಣಿಕತೆಯನ್ನು ನಾನು ಶಂಕಿಸುವುದಿಲ್ಲ. ಆದರೂ ನನ್ನ ತೀರ್ಮಾನ ಕೇಳಿದರೆ, ತನ್ನ ದುಃಖವನ್ನು ತಾನೇ ಬಗೆದು ನೋಡಿದ ಹಿಂದಿನ ಪುಟಗಳಲ್ಲಿರುವ ಬಿಸಿ, ದೂರದ ದೇವತೆಗಳನ್ನು ತುಂಬಿಕೊಂಡ ಮುಂದಿನ ಪುಟಗಳಲ್ಲಿಲ್ಲ. ನಿನಗೆ ಆ ದೂರವಿಲ್ಲ. 1117ರಲ್ಲಿ ಪ್ರತಿಷ್ಠೆಯಾದ ಬೇಲೂರಿನ ಚೆನ್ನಕೇಶವನ ಗುಡಿ ಈ ಮನೆಯಿಂದ ಬಸ್ಸಿನಲ್ಲಿ ಒಂದು ಗಂಟೆಯ ಹಾದಿ. ಬಳ್ಳಿಗಾವೆಯ ದಾಸೋಜ ಮದನಿಕೆಯರ ಕೆಳಗೆ ತನ್ನ ಹೆಸರನ್ನು ಕೆತ್ತಿದಾಗ, ಕನ್ನಡಿ ನೋಡಿಕೊಳ್ಳುವ ಹೆಣ್ಣು ಗುಡಿಯ ಗೋಡೆಗೆ ಸಲ್ಲದವಳೆಂದು ಅವನಿಗೆ ಅನ್ನಿಸಿರಲಾರದು. ನಿನ್ನ ಎರಡನೆಯ ಚಿತ್ರದಲ್ಲಿ ಮದನಿಕೆಯ ಕಲ್ಲಿನ ಬೆನ್ನಿಗೆ ನಿನ್ನ ಬೆನ್ನನ್ನು ಜೋಡಿಸಿರುವೆಯಲ್ಲ, ಅದು ನನಗೆ ಬಹಳ ಹಿಡಿಸಿತು. ಬೆಂಗಳೂರಿನ ಕಲಾವಿದೆ ಪುಷ್ಪಮಾಲಾ ಅವರು ರವಿವರ್ಮನ ಲಕ್ಷ್ಮಿಯ ವೇಷವನ್ನು ತಾವೇ ತೊಟ್ಟು ಕ್ಯಾಮೆರಾದ ಎದುರು ನಿಂತದ್ದನ್ನೂ ನೆನಪಿಸಿಕೊ. ಅವರೂ ತಮ್ಮನ್ನೇ ಒಡ್ಡಿಕೊಂಡವರು.

ಈಗ ಐದನೆಯ ಚಿತ್ರ. ಏಳರಲ್ಲಿ ಅದೇ ಅತ್ಯಂತ ಸುಂದರವಾದದ್ದು, ಆದ್ದರಿಂದಲೇ ಹೇಳಲು ಕಷ್ಟವಾಗುತ್ತಿದೆ. ಹೊಳೆಯಲ್ಲಿ ಮುಳುಗೆದ್ದು, ಮೈಗಂಟಿದ ಒದ್ದೆ ಸೀರೆಯಲ್ಲಿ ಸೂರ್ಯನಿಗೆ ಅರ್ಘ್ಯ ಕೊಡುತ್ತಿರುವ ಆ ಹೆಂಗಸನ್ನು ನೀನು ಸೇತುವೆಯ ಮೇಲಿನಿಂದ, ದೂರದ ಲೆನ್ಸಿನಲ್ಲಿ ತೆಗೆದೆಯೆಂದು ನೀನೇ ಹೇಳಿದೆ. ಆಕೆಯನ್ನು ಬಿಡಿಸಿ ತಾವರೆಯ ಮೇಲೆ ನಿಲ್ಲಿಸಿದ್ದೀಯೆ. ಆಕೆ ಆ ಕ್ಷಣದಲ್ಲಿ ಮೈಮರೆತಿದ್ದಳು, ಮತ್ತು ಆ ಮೈಮರೆವು ಸೂರ್ಯನಿಗೆ ಕೊಟ್ಟದ್ದು, ನಿನಗಲ್ಲ. ಅಕ್ಕಮಹಾದೇವಿಯ ಕಥೆಯನ್ನು ನಿನಗೆ ಎಷ್ಟು ಸಲ ಹೇಳಿದ್ದೇನೆ. ಬಟ್ಟೆಯನ್ನೇ ತೊರೆದವಳು ಕೂದಲಿನಿಂದ ಏಕೆ ಮರೆಮಾಡಿಕೊಂಡೆ ಎಂದು ಅಲ್ಲಮ ಕೇಳಿದಾಗ, ಕಾಮನ ಮುದ್ರೆಯನ್ನು ಕಂಡು ನಿಮಗೆ ನೋವಾದೀತೆಂದು ಮುಚ್ಚಿಕೊಂಡೆನೆಂದಳು. ಬಿಡುವುದೂ ಅವಳದೇ, ಮುಚ್ಚುವುದೂ ಅವಳದೇ. ಹೊಳೆಯಲ್ಲಿದ್ದ ಹೆಂಗಸಿಗೆ ನೀನು ಆ ಅವಕಾಶವನ್ನು ಕೊಡಲಿಲ್ಲ.

ನಾನೂ ಇದೇ ತಪ್ಪು ಮಾಡಿದವಳಾದ್ದರಿಂದ ಇದನ್ನು ಇಷ್ಟು ಬಿಡಿಸಿ ಹೇಳುತ್ತಿದ್ದೇನೆ. ಮದುವೆ ಗೊತ್ತಾದ ಹುಡುಗಿಯೊಬ್ಬಳ ಫೋಟೋಗೆ ತುಟಿಗೆ ಕೆಂಪು, ಕೆನ್ನೆಗೆ ರಂಗು ಹಚ್ಚಿ, ಚೆನ್ನಾಗಿ ಬಂದಿತೆಂಬ ಹೆಮ್ಮೆಯಲ್ಲಿ, ಕೇಳದೆ, ಅಂಗಡಿಯ ಮುಂದಿನ ಶೋಕೇಸಿನಲ್ಲಿಟ್ಟೆ. ಒಂದು ವಾರದ ಮೇಲೆ ಆಕೆ ಒಬ್ಬಳೇ ಬಂದು, ಗಾಜಿನ ಮುಂದೆ ಸೆರಗು ಹೊದ್ದು ನಿಂತು, ಅದನ್ನು ತೆಗೆಯಿರೆಂದು ಕೇಳಿದಳು. ಬೈಯಲಿಲ್ಲ, ಕಾರಣವನ್ನೂ ಹೇಳಲಿಲ್ಲ. ತೆಗೆದುಕೊಟ್ಟೆ. ಆದರೆ ಆ ಒಂದು ವಾರವನ್ನು ತೆಗೆಯಲು ನನ್ನಿಂದಾಗಲಿಲ್ಲ.

ಐದನೆಯ ಚಿತ್ರವನ್ನು ನೀನು ಇಡಲಿರುವ ಪ್ರದರ್ಶನದಿಂದ ತೆಗೆದುಬಿಡು. ಅಥವಾ ಆ ಊರಿಗೆ ಹೋಗು, ಆಕೆಯನ್ನು ಹುಡುಕು, ಚಿತ್ರವನ್ನು ಆಕೆಯ ಕೈಗೆ ಕೊಟ್ಟು ಕೇಳು. ಬೇಡವೆಂದರೆ ನೆಗೆಟಿವನ್ನೂ ಕೊಟ್ಟು ಬಾ. ಆಕೆ ಸಿಗದಿದ್ದರೆ ಅದೇ ಹೊಳೆಗೆ ನೀನೇ ಇಳಿ, ಬೆಳಗಿನ ಜಾವದ ನೀರಿನ ಚಳಿ ನಿನ್ನ ಮೈಗೆ ತಾಗಲಿ, ನಿನ್ನ ಗೆಳತಿ ದಡದಲ್ಲಿ ನಿಂತು ಫೋಟೋ ತೆಗೆಯಲಿ. ಆಗ ಬರುವ ಚಿತ್ರ ಇಷ್ಟು ಸುಂದರವಾಗಿರದಿದ್ದರೂ ಅದನ್ನು ನಾನು ದೇವರಮನೆಯ ಗೋಡೆಗೆ ತೂಗುಹಾಕುತ್ತೇನೆ. ನಿನ್ನ ಅಮ್ಮನ ಜೊತೆ ನಾನು ಮಾತನಾಡುತ್ತೇನೆ, ಅದನ್ನು ನನಗೆ ಬಿಡು.

ಇನ್ನೊಂದು ಸಣ್ಣ ವಿಷಯ. ಮೂರನೆಯ ಚಿತ್ರದ ಅಂಚು ಈಗಲೇ ಕಂದುತ್ತಿದೆ. ರಬ್ಬರ್ ಸೊಲ್ಯೂಷನ್ ಬಳಸಿದ್ದೀಯೆಂದು ತೋರುತ್ತದೆ, ಅದು ಕಾಲಕ್ರಮದಲ್ಲಿ ಫೋಟೋದ ಮೇಲೆ ಕಲೆ ಬಿಡುತ್ತದೆ. ಮೈದಾ ಹಿಟ್ಟನ್ನು ಸಣ್ಣ ಉರಿಯಲ್ಲಿ ಗಂಟಿಲ್ಲದಂತೆ ಕಾಯಿಸಿ, ಬಟ್ಟೆಯಲ್ಲಿ ಸೋಸಿ ಹಚ್ಚು. ಪುಸ್ತಕ ಕಟ್ಟುವವರು ಹುಳು ಹಿಡಿಯದಿರಲೆಂದು ಅದಕ್ಕೆ ಮೈಲುತುತ್ತ ಹಾಕುತ್ತಾರೆ; ಫೋಟೋಗೆ ಅದು ಬೇಡ, ನಾವೆಂದೂ ಹಾಕಿದವರಲ್ಲ. ನನ್ನ ಹಳೆಯ ಬ್ಲೇಡಿನ ಹಿಡಿ ಮತ್ತು ಟಚಿಂಗ್ ಕುಂಚಗಳು ಟ್ರಂಕಿನಲ್ಲಿವೆ. ಉತ್ಥಾನ ದ್ವಾದಶಿಗೆ ಬಂದಾಗ ತೆಗೆದುಕೊಂಡು ಹೋಗು.

ಇಂತಿ ಆಶೀರ್ವಾದಗಳೊಂದಿಗೆ,
ನಿನ್ನ ದೊಡ್ಡಮ್ಮ