ಪರಧರ್ಮವನ್ನು ಓದಲು ಕಲಿಸಿ: ಶಿಕ್ಷಣ ಸಚಿವರಿಗೊಂದು ಬಹಿರಂಗ ಪತ್ರ

ಮಾನ್ಯ ಶಿಕ್ಷಣ ಸಚಿವರಿಗೆ ಗೌರವಪೂರ್ವಕ ನಮಸ್ಕಾರಗಳು.

ಫೆಬ್ರವರಿಯ ಮೊದಲ ವಾರವನ್ನು ಸರ್ವಧರ್ಮ ಸೌಹಾರ್ದ ಸಪ್ತಾಹವೆಂದು ಆಚರಿಸಬೇಕೆಂದು ವಿಶ್ವಸಂಸ್ಥೆಯ ಮಹಾಸಭೆ 2010ರ ಅಕ್ಟೋಬರ್‌ನಲ್ಲಿ ನಿರ್ಣಯ ಕೈಗೊಂಡಿತು. ಇಂಥ ಸೌಹಾರ್ದ ಸಭೆಗಳಲ್ಲಿ ಏನು ನಡೆಯುತ್ತದೆ ಎಂಬುದು ತಮಗೆ ನನಗಿಂತ ಚೆನ್ನಾಗಿ ಗೊತ್ತು. ಎಷ್ಟೋ ಸಭೆಗಳನ್ನು ತಾವೇ ಉದ್ಘಾಟಿಸಿರುತ್ತೀರಿ. ಸ್ವಾಮೀಜಿ, ಮೌಲ್ವಿ, ಪಾದ್ರಿ, ಭಿಕ್ಷು ಒಂದೇ ವೇದಿಕೆಯಲ್ಲಿ ಕೂರುತ್ತಾರೆ. ಎಲ್ಲ ಧರ್ಮಗಳ ಸಾರ ಒಂದೇ ಎಂದು ಒಬ್ಬರಾದ ಮೇಲೊಬ್ಬರು ಹೇಳುತ್ತಾರೆ. ಆ ಸಭೆಗಳನ್ನು ನಾನು ಹಗುರವಾಗಿ ಕಾಣುವವನಲ್ಲ. ಊರು ಉದ್ವಿಗ್ನವಾಗಿರುವಾಗ ಅವರೆಲ್ಲ ಒಟ್ಟಿಗೆ ಕಾಣಿಸಿಕೊಂಡರೆ ಜೀವಗಳು ಉಳಿಯುತ್ತವೆ. ಆದರೆ ವೇದಿಕೆಯ ಮೇಲೆ ಕೂತವರು ಪಕ್ಕದವರ ಗ್ರಂಥದ ಒಂದು ಪುಟವನ್ನಾದರೂ ಓದಿದ್ದಾರೆಯೇ ಎಂದು ಯಾರೂ ಕೇಳುವುದಿಲ್ಲ. ಎದುರಿಗೆ ಸಾಲಾಗಿ ಕೂತ ಶಾಲಾ ಮಕ್ಕಳು ಅಂದು ಹೊಸದಾಗಿ ಏನನ್ನು ತಿಳಿದುಕೊಂಡು ಮನೆಗೆ ಹೋದರು ಎಂದೂ ಕೇಳುವುದಿಲ್ಲ.

ನನ್ನ ಬೇಡಿಕೆ ಇಷ್ಟೇ: ಸೌಹಾರ್ದವನ್ನು ಸಮಾರಂಭದ ಬಾಬತ್ತಿನಿಂದ ತೆಗೆದು ಓದಿನ ಬಾಬತ್ತಿಗೆ ಸೇರಿಸಿ.

ಎಲ್ಲ ಧರ್ಮಗಳೂ ಒಂದೇ ಎಂಬ ಮಾತು ಒಳ್ಳೆಯ ಮನಸ್ಸಿನಿಂದ ಬಂದದ್ದು. ಆದರೆ ಅದು ನಿಜವಲ್ಲ, ನಿಜವಾಗಬೇಕಾದ ಅಗತ್ಯವೂ ಇಲ್ಲ. ಜಗತ್ತನ್ನು ಸೃಷ್ಟಿಸಿದ ದೇವರೊಬ್ಬನಿದ್ದಾನೆ ಎಂಬುದನ್ನು ಜೈನ ದರ್ಶನ ಒಪ್ಪುವುದಿಲ್ಲ. ದೇವರು ಯಾರನ್ನೂ ಹೆತ್ತವನಲ್ಲ, ಯಾರಿಂದಲೂ ಹುಟ್ಟಿದವನಲ್ಲ ಎನ್ನುವುದು ಇಸ್ಲಾಮಿನ ಬುನಾದಿ. ದೇವರೇ ಮನುಷ್ಯನಾಗಿ ಹುಟ್ಟಿ ಬಂದ ಎನ್ನುವುದು ಕ್ರೈಸ್ತರ ಬುನಾದಿ. ಉಪನಿಷತ್ತುಗಳು ಶಾಶ್ವತವಾದ ಆತ್ಮವನ್ನು ಹುಡುಕುತ್ತವೆ. ಬುದ್ಧನ ಉಪದೇಶ ಅಂಥ ಆತ್ಮವನ್ನು ಎಲ್ಲಿಯೂ ಕಾಣುವುದಿಲ್ಲ. ಈ ಭೇದಗಳ ಬಗ್ಗೆ ಜನ ಶತಮಾನಗಳ ಕಾಲ ನಿದ್ದೆಗೆಟ್ಟು ಯೋಚಿಸಿದ್ದಾರೆ, ವಾದಿಸಿದ್ದಾರೆ, ಗ್ರಂಥ ಬರೆದಿದ್ದಾರೆ. ಅಷ್ಟನ್ನೂ ಒಂದು ವಾಕ್ಯದಲ್ಲಿ ಒರೆಸಿಹಾಕಿದರೆ ಯಾವ ಧರ್ಮಕ್ಕೂ ಗೌರವ ಸಲ್ಲಿಸಿದಂತಾಗುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ಇನ್ನೊಂದಿದೆ. ಎಲ್ಲವೂ ಒಂದೇ ಎಂದಷ್ಟೇ ಕಲಿತ ಹುಡುಗ ಮುಂದೊಂದು ದಿನ ಮೊಬೈಲ್‌ನಲ್ಲಿ, ಹಿಂದುಮುಂದಿಲ್ಲದೆ ಕಿತ್ತು ಹಾಕಿದ ಒಂದು ಸಾಲನ್ನು ನೋಡುತ್ತಾನೆ. ಇಷ್ಟು ದಿನ ನನಗೆ ಸುಳ್ಳು ಹೇಳಿದರು ಎಂದು ತಿರುಗಿಬೀಳುತ್ತಾನೆ. ಆ ಸಾಲು ಎಲ್ಲಿಯದು, ಯಾವ ಸಂದರ್ಭದ್ದು, ಅದನ್ನು ನಂಬುವವರೇ ಅದಕ್ಕೆ ಏನೇನು ಅರ್ಥ ಹೇಳುತ್ತಾ ಬಂದಿದ್ದಾರೆ ಎಂದು ಹುಡುಕುವ ವಿದ್ಯೆಯನ್ನು ನಾವು ಅವನಿಗೆ ಕೊಟ್ಟಿರುವುದಿಲ್ಲ. ಸಹಿಷ್ಣುತೆ ಎಂದು ನಾವು ಕಲಿಸಿದ್ದು ಆ ಒಂದು ಸಂಜೆಯನ್ನೂ ತಾಳಲಾರದು.

ನಾನು ಪಾಠ ಹೇಳುವ ಕೆಲಸದಲ್ಲಿರುವವನು. ಆದ್ದರಿಂದ ಒಂದು ಪಾಠದ ಮೂಲಕವೇ ನನ್ನ ಮಾತನ್ನು ತಮ್ಮ ಮುಂದಿಡುತ್ತೇನೆ.

ಯೋಸೇಫನ ಕಥೆ ಬೈಬಲ್ಲಿನ ಆದಿಕಾಂಡದಲ್ಲಿದೆ. ಕುರ್‌ಆನಿನ 12ನೇ ಅಧ್ಯಾಯ ಪೂರ್ತಿ ಅವನದೇ, ಅಲ್ಲಿ ಅವನ ಹೆಸರು ಯೂಸುಫ್. ಅಣ್ಣಂದಿರ ಹೊಟ್ಟೆಕಿಚ್ಚಿಗೆ ಗುರಿಯಾಗಿ ಈಜಿಪ್ಟಿಗೆ ಮಾರಾಟವಾದ ಈ ಯುವಕನನ್ನು ಯಜಮಾನನ ಹೆಂಡತಿ ಬಯಸುತ್ತಾಳೆ. ಅವನು ತಪ್ಪಿಸಿಕೊಂಡು ಓಡುತ್ತಾನೆ. ಆದಿಕಾಂಡದಲ್ಲಿ ಅವನ ಬಟ್ಟೆ ಅವಳ ಕೈಯಲ್ಲೇ ಉಳಿಯುತ್ತದೆ. ಅವಳು ಅದನ್ನೇ ಗಂಡನಿಗೆ ತೋರಿಸಿ, ನೋಡಿ, ಇವನು ನನ್ನ ಮೇಲೆ ಕೈಮಾಡಲು ಬಂದ ಎನ್ನುತ್ತಾಳೆ. ಬಟ್ಟೆ ಅವನ ವಿರುದ್ಧದ ಸಾಕ್ಷಿಯಾಗುತ್ತದೆ, ಅವನು ಸೆರೆಮನೆ ಸೇರುತ್ತಾನೆ. ಕುರ್‌ಆನಿನಲ್ಲಿ ಇಬ್ಬರೂ ಬಾಗಿಲ ಕಡೆ ಓಡುವಾಗ ಅವಳು ಹಿಂದಿನಿಂದ ಎಳೆದು ಅವನ ಅಂಗಿ ಹರಿಯುತ್ತದೆ. ಬಾಗಿಲಲ್ಲೇ ಗಂಡ ನಿಂತಿರುತ್ತಾನೆ. ಆಗ ಅವಳ ಮನೆಯವರಲ್ಲೇ ಒಬ್ಬರು ಹೇಳುತ್ತಾರೆ: ಅಂಗಿ ಮುಂದೆ ಹರಿದಿದ್ದರೆ ಅವಳ ಮಾತು ನಿಜ, ಹಿಂದೆ ಹರಿದಿದ್ದರೆ ಅವನ ಮಾತು ನಿಜ. ನೋಡಿದರೆ ಹಿಂದೆ ಹರಿದಿದೆ. ಬಟ್ಟೆ ಅವನ ಪರವಾದ ಸಾಕ್ಷಿಯಾಗುತ್ತದೆ. ಆದರೂ ಅವನಿಗೆ ಸೆರೆಮನೆ ತಪ್ಪುವುದಿಲ್ಲ.

ಈ ಎರಡು ಪುಟಗಳನ್ನು ಎದುರುಬದುರು ಇಟ್ಟು ಓದಿಸಿದಾಗ ತರಗತಿಯಲ್ಲಿ ನಡೆಯುವುದನ್ನು ತಾವು ಒಮ್ಮೆ ಬಂದು ನೋಡಬೇಕು. ಬೈಬಲ್ ಬಲ್ಲ ಹುಡುಗ ಕುರ್‌ಆನಿನ ಪುಟದ ಮೇಲೆ ಬಗ್ಗುತ್ತಾನೆ. ಕುರ್‌ಆನ್ ಬಲ್ಲ ಹುಡುಗಿ, ನಿರಪರಾಧಿಯೆಂದು ತಿಳಿದ ಮೇಲೂ ಸೆರೆಗೆ ಹಾಕಿದ್ದೇಕೆ ಎಂಬ ಪ್ರಶ್ನೆಯನ್ನು ತನ್ನದೇ ಗ್ರಂಥಕ್ಕೆ ಕೇಳತೊಡಗುತ್ತಾಳೆ. ಎರಡೂ ಗ್ರಂಥ ಗೊತ್ತಿಲ್ಲದ ಮೂರನೆಯವನು, ಅಧಿಕಾರದಲ್ಲಿರುವವರು ತಮ್ಮ ಮಾನ ಉಳಿಸಿಕೊಳ್ಳಲು ಬಡವನನ್ನು ಒಳಗೆ ಹಾಕಿದರು ಎನ್ನುತ್ತಾನೆ. ಯಾರೂ ಮತ ಬದಲಿಸುವುದಿಲ್ಲ, ಯಾವ ಗ್ರಂಥ ಮೇಲು ಎಂಬ ತೀರ್ಪೂ ಬೇಕಾಗುವುದಿಲ್ಲ. ಇನ್ನೊಬ್ಬನ ಗ್ರಂಥದ ಎದುರು ತಾನು ಎಷ್ಟು ಹೊತ್ತು ಗಮನವಿಟ್ಟು ಕೂತೆ ಎಂಬ ಅನುಭವ ಮಾತ್ರ ಅವರ ಜೊತೆ ಹೋಗುತ್ತದೆ.

ಇದು ನನ್ನ ಆವಿಷ್ಕಾರವಲ್ಲ. ಯಹೂದಿ ಚಿಂತಕ ಪೀಟರ್ ಓಕ್ಸ್, ಕ್ರೈಸ್ತ ವಿದ್ವಾಂಸ ಡೇವಿಡ್ ಫೋರ್ಡ್ ಮೊದಲಾದವರು 1990ರ ದಶಕದಲ್ಲಿ ಇಂಥ ಕೂಡು ಓದನ್ನು ಒಂದು ಕ್ರಮವಾಗಿ ರೂಪಿಸಿದರು. ಮುಸ್ಲಿಂ ವಿದ್ವಾಂಸರೂ ಜೊತೆಗೂಡಿದರು. ಅದರ ಕಟ್ಟುಪಾಡು ಸರಳ. ಒಂದೇ ವಸ್ತುವಿನ ಕುರಿತು ಪ್ರತಿಯೊಂದು ಪರಂಪರೆಯಿಂದ ಒಂದು ಚಿಕ್ಕ ಭಾಗ. ತನ್ನ ಗ್ರಂಥವನ್ನು ಪರಿಚಯಿಸುವವರು ಅದರ ವಕೀಲರಾಗುವುದಿಲ್ಲ. ಒಮ್ಮತಕ್ಕೆ ಬರಲೇಬೇಕೆಂಬ ಒತ್ತಾಯವಿಲ್ಲ. ಇದಕ್ಕೆ ದೊಡ್ಡ ಕಟ್ಟಡ ಬೇಡ, ದೊಡ್ಡ ಅನುದಾನವೂ ಬೇಡ. ತಯಾರಾದ ಅಧ್ಯಾಪಕರು ಬೇಕು, ನಂಬಬಹುದಾದ ಅನುವಾದಗಳು ಬೇಕು. ಕೊರತೆಯಿರುವುದು ಈ ಎರಡಕ್ಕೇ.

ಅನುವಾದವೆಂದರೆ ಎಷ್ಟು ದೊಡ್ಡ ಕೆಲಸ ಎಂಬುದನ್ನು ಹನ್ನೊಂದನೇ ಶತಮಾನದ ಮುಸ್ಲಿಂ ವಿದ್ವಾಂಸ ಅಲ್‌ಬಿರೂನಿಯನ್ನು ನೋಡಿ ತಿಳಿಯಬೇಕು. ಘಜ್ನಿಯ ಮಹಮೂದನ ದಾಳಿಗಳ ಕಾಲ ಅದು. ಅಂಥ ಕಾಲದಲ್ಲಿ ಈ ವಿದ್ವಾಂಸ ಸಂಸ್ಕೃತ ಕಲಿತ, ಪತಂಜಲಿಯ ಯೋಗವನ್ನು ಅರಬ್ಬಿಗೆ ತಂದ, ಸುಮಾರು 1030ರಲ್ಲಿ ಭಾರತದ ಕುರಿತು ತನ್ನ ಮಹಾಗ್ರಂಥ ಬರೆದ. ಅದರ ಆರಂಭದಲ್ಲೇ, ಇದು ಖಂಡನೆಯ ಪುಸ್ತಕವಲ್ಲ, ಹಿಂದೂಗಳು ಹೇಳುವುದನ್ನು ಅವರು ಹೇಳುವಂತೆಯೇ ಮುಂದಿಡುತ್ತೇನೆ ಎಂದು ಸ್ಪಷ್ಟಪಡಿಸಿದ. ಮಹಮೂದನ ದಾಳಿಗಳು ಈ ನಾಡಿನ ಸಮೃದ್ಧಿಯನ್ನು ಹಾಳುಮಾಡಿದವು, ಜನರಲ್ಲಿ ದ್ವೇಷ ಬೆಳೆಸಿದವು ಎಂಬುದನ್ನೂ ಮುಚ್ಚಿಡಲಿಲ್ಲ. ಯುದ್ಧದ ನಡುವೆ ಒಬ್ಬನೇ ಒಬ್ಬ ಓದುಗನಿಗೆ ಇಷ್ಟು ಸಾಧ್ಯವಾಗಿದ್ದರೆ, ಇಷ್ಟೊಂದು ವಿಶ್ವವಿದ್ಯಾಲಯಗಳಿರುವ ಸರ್ಕಾರಗಳಿಗೆ ಏನು ಅಡ್ಡಿ?

ವಿದ್ವತ್ತು ಇದ್ದುಬಿಟ್ಟರೆ ಎಲ್ಲವೂ ಸರಿಹೋಗುತ್ತದೆ ಎಂದು ನಾನು ಹೇಳುತ್ತಿಲ್ಲ. ಕಾಶಿಯ ಪಂಡಿತರ ನೆರವಿನಿಂದ ಐವತ್ತು ಉಪನಿಷತ್ತುಗಳನ್ನು 1657ರಲ್ಲಿ ಪರ್ಷಿಯನ್ ಭಾಷೆಗೆ ತಂದ ಮೊಘಲ್ ರಾಜಕುಮಾರ ದಾರಾ ಶಿಕೋನನ್ನು ಎರಡೇ ವರ್ಷಗಳಲ್ಲಿ ಅವನ ತಮ್ಮ ಔರಂಗಜೇಬನ ಆಜ್ಞೆಯಂತೆ ಕೊಂದರು. ಆ ಅನುವಾದವೇ ಮುಂದೆ ಫ್ರೆಂಚ್ ವಿದ್ವಾಂಸನೊಬ್ಬನ ಕೈಸೇರಿ, 1801-02ರಲ್ಲಿ ಲ್ಯಾಟಿನ್ ರೂಪದಲ್ಲಿ ಯುರೋಪಿಗೆ ಉಪನಿಷತ್ತುಗಳನ್ನು ಮುಟ್ಟಿಸಿತು. ಪುಸ್ತಕ ಉಳಿಯಿತು, ಬರೆದವನು ಉಳಿಯಲಿಲ್ಲ. ಓದಿನ ಬೆನ್ನಿಗೆ ಅಧಿಕಾರದ ರಕ್ಷಣೆ ಇರಬೇಕು ಎನ್ನುವುದಕ್ಕೇ ಈ ಪತ್ರವನ್ನು ಮಂತ್ರಿಗಳಾದ ತಮಗೆ ಬರೆಯುತ್ತಿದ್ದೇನೆ.

ತಮ್ಮ ಖಾತೆಗೆ ಎಲ್ಲಕ್ಕಿಂತ ಹತ್ತಿರವಾದ ಉದಾಹರಣೆ ಜೂಲ್ಸ್ ಇಸಾಕ್ ಅವರದು. ಅವರು ಫ್ರಾನ್ಸಿನ ಇತಿಹಾಸಕಾರರು, ಶಾಲಾ ಇತಿಹಾಸ ಪಠ್ಯಪುಸ್ತಕಗಳನ್ನು ಬರೆದವರು, ಶಿಕ್ಷಣ ಇಲಾಖೆಯಲ್ಲಿ ಮಹಾಪರಿವೀಕ್ಷಕರಾಗಿದ್ದವರು. ಯಹೂದಿ ಎಂಬ ಒಂದೇ ಕಾರಣಕ್ಕೆ 1940ರಲ್ಲಿ, ನಾಜಿಗಳೊಂದಿಗೆ ಕೈಜೋಡಿಸಿದ್ದ ಫ್ರಾನ್ಸಿನ ವಿಶಿ ಸರ್ಕಾರ ಅವರನ್ನು ಹುದ್ದೆಯಿಂದ ಕಿತ್ತುಹಾಕಿತು. 1943ರಲ್ಲಿ ಅವರ ಹೆಂಡತಿಯನ್ನೂ ಮಗಳನ್ನೂ ಹಿಡಿದೊಯ್ದು ನಾಜಿಗಳ ಆಶ್ವಿಟ್ಜ್ ಶಿಬಿರದಲ್ಲಿ ಕೊಂದರು. ತಲೆಮರೆಸಿಕೊಂಡು ಬದುಕುಳಿದ ಆ ಮುದುಕ ಮಾಡಿದ ಕೆಲಸವೇನು ಗೊತ್ತೇ? ಯೇಸುವಿನ ಬದುಕನ್ನು ಹೇಳುವ ಬೈಬಲ್ಲಿನ ಸುವಾರ್ತೆಗಳನ್ನು ಸಾಲುಸಾಲಾಗಿ ಓದಿದರು. ಯೇಸುವನ್ನು ಕೊಂದ ಜನ ಎಂದು ಯಹೂದಿಗಳನ್ನು ತೋರಿಸಿಕೊಡುವ ಬೋಧನೆ ಚರ್ಚಿನ ಪಾಠಗಳಲ್ಲಿ, ಪ್ರವಚನಗಳಲ್ಲಿ ಹೇಗೆ ಬೆಳೆದುಬಂತು, ಅದಕ್ಕೆ ಮೂಲದಲ್ಲಿ ಎಷ್ಟು ಆಧಾರವಿದೆ ಎಂದು ಪರಿಶೀಲಿಸಿದರು. ಯೇಸುವೂ ಅವನ ಶಿಷ್ಯರೂ ಯಹೂದಿಗಳೇ ಆಗಿದ್ದರು ಎಂಬ ಸತ್ಯವನ್ನು ಕ್ರೈಸ್ತರ ಗ್ರಂಥದಿಂದಲೇ ಕ್ರೈಸ್ತರ ಮುಂದೆ ಇಟ್ಟರು. 1960ರ ಜೂನ್‌ನಲ್ಲಿ, ಎಂಬತ್ತು ದಾಟಿದ ವಯಸ್ಸಿನಲ್ಲಿ, ತಮ್ಮ ಕಡತಗಳೊಂದಿಗೆ ರೋಮಿಗೆ ಹೋಗಿ ಪೋಪ್ 23ನೇ ಜಾನ್ ಅವರನ್ನು ಕಂಡರು. ಐದು ವರ್ಷಗಳ ನಂತರ, 1965ರ ಅಕ್ಟೋಬರ್ 28ರಂದು, ಕ್ಯಾಥೊಲಿಕ್ ಬಿಷಪ್‌ಗಳ ಎರಡನೇ ವ್ಯಾಟಿಕನ್ ಮಹಾಸಭೆಯ ಘೋಷಣೆ ಹೊರಬಿತ್ತು. ಯೇಸುವಿನ ಸಾವಿನ ಹೊಣೆಯನ್ನು ಅಂದಿನ ಎಲ್ಲ ಯಹೂದಿಗಳ ಮೇಲಾಗಲಿ ಇಂದಿನ ಯಹೂದಿಗಳ ಮೇಲಾಗಲಿ ಹೊರಿಸುವಂತಿಲ್ಲ ಎಂದು ಕ್ಯಾಥೊಲಿಕ್ ಚರ್ಚು ಸಾರಿತು. ಇಸಾಕ್ ಅದನ್ನು ನೋಡಲು ಇರಲಿಲ್ಲ, 1963ರಲ್ಲೇ ತೀರಿಕೊಂಡಿದ್ದರು.

ಇದರಲ್ಲಿ ನನಗೆ ಬಹಳ ಮುಖ್ಯವಾಗಿ ಕಾಣುವುದು ಅವರು ಹಿಡಿದ ದಾರಿ. ನೊಂದವನು ನೋಯಿಸಿದವರ ಗ್ರಂಥವನ್ನು ಅವರಿಗಿಂತ ಶ್ರದ್ಧೆಯಿಂದ ಓದಿದ. ಓದಿಸಿಕೊಂಡವರು ತಮ್ಮ ಪಾಠವನ್ನು ತಿದ್ದಿಕೊಂಡರು. ದ್ವೇಷ ಪಠ್ಯದೊಳಗೆ ಸೇರಿಕೊಂಡಿದ್ದರೆ ಅದನ್ನು ಪಠ್ಯದೊಳಗಿಂದಲೇ ತೆಗೆಯಬೇಕು. ವೇದಿಕೆಯ ಮೇಲಿನ ಅಪ್ಪುಗೆ ಅಲ್ಲಿಗೆ ತಲುಪುವುದಿಲ್ಲ.

ಧರ್ಮದ ವಿಷಯ ಶಾಲೆಗೆ ಬಂದರೆ ಕಾನೂನಿನ ತೊಡಕಾಗುತ್ತದೆ ಎಂದು ತಮ್ಮ ಅಧಿಕಾರಿಗಳು ಹೇಳಬಹುದು. ಸರ್ಕಾರಿ ಹಣದಿಂದಲೇ ನಡೆಯುವ ಶಾಲೆಗಳಲ್ಲಿ ಧಾರ್ಮಿಕ ಬೋಧನೆ ಕೂಡದು ಎಂದು ಭಾರತದ ಸಂವಿಧಾನದ 28ನೇ ವಿಧಿ ಹೇಳುತ್ತದೆ, ಸರಿಯಾಗಿಯೇ ಹೇಳುತ್ತದೆ. ಆದರೆ ಒಂದು ಮತದ ಆಚರಣೆಯನ್ನು ಬೋಧಿಸುವುದು ಬೇರೆ, ಮತಗಳ ಬಗ್ಗೆ ತಿಳಿವಳಿಕೆ ಕೊಡುವುದು ಬೇರೆ ಎಂಬ ವ್ಯತ್ಯಾಸವನ್ನು ಸುಪ್ರೀಂ ಕೋರ್ಟ್ 2002ರಲ್ಲಿ ಗುರುತಿಸಿದೆ. ಶಾಲೆಗಳಲ್ಲಿ ಭಕ್ತಿಯ ಬೈಬಲ್ ಪಠಣವನ್ನು 1963ರಲ್ಲಿ ನಿಷೇಧಿಸಿದ ಅಮೆರಿಕದ ಸರ್ವೋಚ್ಚ ನ್ಯಾಯಾಲಯವೂ ಅದೇ ತೀರ್ಪಿನಲ್ಲಿ, ಧರ್ಮಗಳ ತೌಲನಿಕ ಅಧ್ಯಯನಕ್ಕೆ ಅಡ್ಡಿಯಿಲ್ಲ ಎಂದಿತ್ತು. ದಾರಿ ತೆರೆದೇ ಇದೆ.

ಕನ್ನಡದ ಓದುಗರಿಗೆಲ್ಲ ಗೊತ್ತಿರುವ 1368ರ ಶ್ರವಣಬೆಳಗೊಳದ ಶಾಸನವನ್ನು ಇಲ್ಲಿ ನೆನೆಯಲೇಬೇಕು. ಜೈನರಿಗೂ ಶ್ರೀವೈಷ್ಣವರಿಗೂ ವ್ಯಾಜ್ಯ ಬಂದಾಗ ಬುಕ್ಕರಾಯ ಜೈನರ ಕೈಯನ್ನು ವೈಷ್ಣವರ ಕೈಯಲ್ಲಿಟ್ಟದ್ದನ್ನು ನಾವು ಭಾಷಣಗಳಲ್ಲಿ ಬಳಸುತ್ತೇವೆ. ಶಾಸನ ಅಷ್ಟಕ್ಕೇ ನಿಲ್ಲುವುದಿಲ್ಲ. ಜೈನರ ಮನೆಮನೆಗಳಿಂದ ವರ್ಷಕ್ಕೆ ಒಂದು ಹಣದಂತೆ ಎತ್ತಬೇಕು, ಅದರಿಂದ ಬೆಳಗೊಳದ ದೇವರ ರಕ್ಷಣೆಗೆ ಇಪ್ಪತ್ತು ಆಳುಗಳನ್ನು ವೈಷ್ಣವರೇ ನೇಮಿಸಬೇಕು, ಮಿಕ್ಕ ಹಣದಲ್ಲಿ ಜೀರ್ಣ ಜಿನಾಲಯಗಳಿಗೆ ಸುಣ್ಣ ಬಳಿಸಬೇಕು ಎಂದು ಮುಂದುವರಿಯುತ್ತದೆ. ಕೈ ಹಿಡಿಸಿದ ದೊರೆ ಆಳು, ಹಣ, ಹೊಣೆ ಮೂರನ್ನೂ ಕಲ್ಲಿನಲ್ಲಿ ಬರೆಸಿದ. ತಮ್ಮಿಂದ ನಾನು ಕೇಳುತ್ತಿರುವುದೂ ಅಂಥದ್ದೇ ಆಡಳಿತದ ಕೆಲಸ.

ಶಿಕ್ಷಕರ ತರಬೇತಿಯಲ್ಲಿ ಧರ್ಮಗಳ ಅಧ್ಯಯನಕ್ಕೆ ಒಂದು ಪಠ್ಯವಿಷಯದ ಜಾಗ ಕೊಡಿ. ಅದನ್ನು ಕಲಿಸುವವರಿಗೆ ಯಾವ ನಿಲುವು ಬೇಕು ಎಂಬುದಕ್ಕೆ ಸ್ವೀಡನ್ನಿನ ಲೂಥರನ್ ಬಿಷಪ್ ಕ್ರಿಸ್ಟರ್ ಸ್ಟೆಂಡಾಲ್ ಅವರನ್ನು ನೆನೆಯಬಹುದು. 1985ರಲ್ಲಿ ಸ್ಟಾಕ್‌ಹೋಮ್ ಬಳಿ, ಅಮೆರಿಕದಲ್ಲಿ ಹುಟ್ಟಿದ ಮಾರ್ಮನ್ ಪಂಥದವರ ಮಂದಿರಕ್ಕೆ ವಿರೋಧ ಎದ್ದಾಗ ಅವರು ಆ ಪಂಥದ ಪರವಾಗಿ ನಿಂತು ಹೇಳಿದ್ದು ಮೂರು ಮಾತು: ಒಂದು ಧರ್ಮದ ಬಗ್ಗೆ ತಿಳಿಯಬೇಕಾದರೆ ಅದನ್ನು ಪಾಲಿಸುವವರನ್ನು ಕೇಳಿ, ಅದರ ವೈರಿಗಳನ್ನಲ್ಲ, ನಿಮ್ಮಲ್ಲಿರುವ ಒಳ್ಳೆಯದನ್ನು ಅವರಲ್ಲಿರುವ ಕೆಟ್ಟದ್ದರ ಜೊತೆ ಹೋಲಿಸಬೇಡಿ, ಅವರಲ್ಲಿ ನೀವು ಆಸೆಪಡುವಂಥದ್ದೂ ಇರಬಹುದು ಎಂಬುದಕ್ಕೆ ಮನಸ್ಸಿನಲ್ಲಿ ಜಾಗವಿಡಿ. ಬಿ.ಎಡ್. ತರಗತಿಯ ಮೊದಲ ದಿನ ಇಷ್ಟು ಕಲಿಸಿದರೂ ಸಾಕು, ಮುಂದಿನದನ್ನು ಪಠ್ಯಕ್ರಮ ನೋಡಿಕೊಳ್ಳುತ್ತದೆ.

ಪಾಳಿ, ಪ್ರಾಕೃತ, ಅರಬ್ಬಿ, ಪರ್ಷಿಯನ್, ಹೀಬ್ರೂ ಓದಬಲ್ಲ ಯುವಕ ಯುವತಿಯರಿಗೆ, ಅದರಲ್ಲೂ ತಾವು ಹುಟ್ಟಿದ ಧರ್ಮದ್ದಲ್ಲದ ಭಾಷೆಯನ್ನು ಕಲಿಯುವವರಿಗೆ, ದೀರ್ಘಾವಧಿಯ ಫೆಲೋಶಿಪ್ ಕೊಡಿ. ಮಠಗಳ, ಮದರಸಾಗಳ, ಸೆಮಿನರಿಗಳ ವಿದ್ಯಾರ್ಥಿಗಳು ಒಬ್ಬರ ಸಂಸ್ಥೆಯಲ್ಲಿ ಇನ್ನೊಬ್ಬರು ಕೆಲವು ವಾರ ಇದ್ದು ಓದುವುದಕ್ಕೆ ಸರ್ಕಾರ ಒತ್ತಾಯಿಸಬಾರದು, ಆದರೆ ಮುಂದೆ ಬರುವವರಿಗೆ ನೆರವಾಗಬಹುದು. ಸಾರ್ವಜನಿಕ ಗ್ರಂಥಾಲಯಗಳಲ್ಲಿ ಕೂಡು ಓದಿನ ಬಳಗಗಳಿಗೆ ಒಂದು ಕೋಣೆ, ಒಂದು ಕಪಾಟು ಸಿಗಲಿ.

ಇವುಗಳಿಗೆ ಸಮಯ ಹಿಡಿಯುತ್ತದೆ, ನನಗೆ ಗೊತ್ತು. ತಡಮಾಡದೆ ಆಗಬಹುದಾದದ್ದು ಒಂದಿದೆ. ಮುಂದಿನ ಪಠ್ಯಪುಸ್ತಕ ಪರಿಷ್ಕರಣೆಯ ಸಮಯದಲ್ಲಿ, ಯಾವ ಧರ್ಮದ ಕುರಿತು ಪಾಠವಿದೆಯೋ ಆ ಧರ್ಮವನ್ನು ಪಾಲಿಸುವ ಒಬ್ಬ ವಿದ್ವಾಂಸರಿಗೂ, ಅದನ್ನು ಪಾಲಿಸದ ಇನ್ನೊಬ್ಬ ವಿದ್ವಾಂಸರಿಗೂ ಮುದ್ರಣಕ್ಕೆ ಮೊದಲು ಕರಡನ್ನು ಕಳುಹಿಸಿ. ಇಬ್ಬರ ಟಿಪ್ಪಣಿಗಳನ್ನೂ ಸಮಿತಿಯ ಉತ್ತರವನ್ನೂ ಸಾರ್ವಜನಿಕರು ನೋಡುವಂತೆ ಪ್ರಕಟಿಸಿ. ಇದಕ್ಕೆ ಹೊಸ ಕಾಯ್ದೆ ಬೇಡ, ಇಲಾಖೆಯ ಒಂದು ಸುತ್ತೋಲೆ ಸಾಕು. ತಾವು ಆ ಸುತ್ತೋಲೆಗೆ ಸಹಿ ಹಾಕುತ್ತೀರಾ ಎಂದು ತಿಳಿಸಬೇಕಾಗಿ ಕೋರುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ಒಬ್ಬ ಅಧ್ಯಾಪಕ